ಒಂದು ಡಾಲರಿನ ಕ್ರಯಪತ್ರ

1948ರ ನವೆಂಬರ್ 23ರಂದು ಅಮೆರಿಕದಲ್ಲಿ ಒಂದು ಹಳೆಯ ವಿಮಾನದ ಮಾರಾಟಕ್ಕೆ ಸಹಿ ಬಿತ್ತು. ಕ್ರಯ ಒಂದು ಡಾಲರ್. ಮಾರಿದವರು ಆ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದ ಮಾಲೀಕನ ಆಸ್ತಿ ನೋಡಿಕೊಳ್ಳುತ್ತಿದ್ದವರು. ಕೊಂಡದ್ದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ. ವಿಮಾನ ಯಾವ ಕಾರ್ಖಾನೆಯಲ್ಲೂ ತಯಾರಾದದ್ದಲ್ಲ. ಓಹಿಯೋ ರಾಜ್ಯದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಅಣ್ಣತಮ್ಮಂದಿರಿಬ್ಬರು ಕೈಯಾರೆ ಕಟ್ಟಿದ್ದು. ಒಂದು ಗುರುವಾರ ನಾಲ್ಕು ಬಾರಿ ಹಾರಿ, ಅದೇ ದಿನ ಮುರಿದು, ಮತ್ತೆಂದೂ ನೆಲ ಬಿಡಲಿಲ್ಲ. ರೈಟ್ ಸಹೋದರರ 1903ರ ‘ಫ್ಲೈಯರ್’ ಅದು.

ಇದೇ ಸಹೋದರರು 1909ರಲ್ಲಿ ಅಮೆರಿಕದ ಸೈನ್ಯಕ್ಕೆ ಒಂದು ವಿಮಾನ ಮಾರಿದಾಗ ಅವರ ಕೈಸೇರಿದ್ದು 30,000 ಡಾಲರ್. ಅದು ಸುಸ್ಥಿತಿಯಲ್ಲಿದ್ದ, ಹಾರುವ ಯಂತ್ರ. ಮುರಿದ ವಿಮಾನಕ್ಕೆ ಮಾತ್ರ ಒಂದೇ ಡಾಲರ್. ಆದರೂ ಈ ಎರಡು ವ್ಯಾಪಾರಗಳಲ್ಲಿ ಹೆಚ್ಚು ಬಿಗಿಯಾಗಿ, ಹೆಚ್ಚು ಹಟದಿಂದ ನಡೆದದ್ದು ಯಾವುದೆಂದು ಕೇಳಿದರೆ ನಾನು ಎರಡನೆಯದನ್ನೇ ತೋರಿಸುತ್ತೇನೆ.

ಮನೆಯಲ್ಲೇ ಕಟ್ಟಿದ ವಿಮಾನಗಳನ್ನು ಕೊಳ್ಳುವುದು, ಮಾರುವುದು ಅಮೆರಿಕದಲ್ಲಿ ಇಂದಿಗೂ ನಡೆದೇ ಇದೆ. ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು ವಿಮಾನ ಕಟ್ಟುವ ಸಾವಿರಾರು ಮಂದಿ ಅಲ್ಲಿದ್ದಾರೆ. ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹವ್ಯಾಸಿಗಳೇ ಮಾಡಿದ್ದರೆ ಅಂಥದಕ್ಕೆ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿ ಹಚ್ಚಿ ಹಾರಲು ಬಿಡುತ್ತಾರೆ. ಅದು ಎಲ್ಲೋ ಬಿದ್ದು, ಪೆಟ್ಟು ತಿಂದು ಮಾರಾಟಕ್ಕೆ ಬಂದಾಗ ಬಲ್ಲ ಗಿರಾಕಿ ರೆಕ್ಕೆ ಮುಟ್ಟಿ ನೋಡುವ ಮೊದಲು ಲಾಗ್‌ಬುಕ್ ಕೇಳುತ್ತಾನೆ. ಕಟ್ಟಿದವರು ಯಾರು, ಮುರಿದದ್ದು ಹೇಗೆ, ರಿಪೇರಿಯಲ್ಲಿ ಬದಲಾದದ್ದು ಏನೇನು? ಇನ್ನೂ ಒಂದು ಸ್ವಾರಸ್ಯವಿದೆ. ಕಟ್ಟಿದವನು ತನ್ನ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ಮಾಡಿಕೊಳ್ಳಬಹುದು ಎಂಬ ಪ್ರಮಾಣಪತ್ರ ಪಡೆಯಬಹುದು. ಆದರೆ ವಿಮಾನ ಮಾರಿದರೆ ಆ ಪತ್ರ ಕೊಂಡವನಿಗೆ ವರ್ಗವಾಗುವುದಿಲ್ಲ. ಯಂತ್ರ ಕೈಬದಲಾಗುತ್ತದೆ, ಅದನ್ನು ಕಟ್ಟಿದ ಅಧಿಕಾರ ಬದಲಾಗುವುದಿಲ್ಲ. ಫ್ಲೈಯರ್ ವಿಷಯದಲ್ಲಿ ಮೂವತ್ತು ವರ್ಷಕ್ಕೂ ಮೀರಿ ನಡೆದ ಜಗಳವೂ ಒಂದು ಬಗೆಯಲ್ಲಿ ಇದೇ ಲಾಗ್‌ಬುಕ್ಕಿನ ಜಗಳ.

ಮೊದಲು ಮುರಿದ ಕಥೆ. 1903ರ ಡಿಸೆಂಬರ್ 17, ಉತ್ತರ ಕ್ಯಾರೊಲೈನಾದ ಕಿಟಿ ಹಾಕ್ ಬಳಿಯ ಕಿಲ್ ಡೆವಿಲ್ ಹಿಲ್ಸ್ ಎಂಬ ಮರಳುದಿಬ್ಬಗಳ ಜಾಗ. ಮೈಕೊರೆಯುವ ಚಳಿ, ಬಿರುಗಾಳಿ. ತಮ್ಮ ಆರ್ವಿಲ್ ಮೊದಲು ಹಾರಿದ: 12 ಸೆಕೆಂಡ್, 120 ಅಡಿ. ಹತ್ತಿರದ ಜೀವರಕ್ಷಣಾ ಠಾಣೆಯಿಂದ ನೋಡಲು ಬಂದಿದ್ದ ಜಾನ್ ಡೇನಿಯಲ್ಸ್ ಎಂಬಾತ ಆ ಗಳಿಗೆಯ ಫೋಟೋ ತೆಗೆದ. ಆರ್ವಿಲ್ ಮೊದಲೇ ಕ್ಯಾಮರಾ ಹೂಡಿಟ್ಟು, ಇಂಥ ಹೊತ್ತಿಗೆ ಒತ್ತು ಎಂದು ಹೇಳಿಹೋಗಿದ್ದ. ನಾಲ್ಕನೆಯ ಸಲ ಅಣ್ಣ ವಿಲ್ಬರ್ ಹಾರಿದಾಗ 59 ಸೆಕೆಂಡಿನಲ್ಲಿ 852 ಅಡಿ ಸಾಗಿತು. ಇಳಿಯುವಾಗ ಮುಂದಿನ ಚೌಕಟ್ಟು ಮುರಿಯಿತು. ಅಷ್ಟನ್ನು ಒಂದೆರಡು ದಿನದಲ್ಲಿ ಸರಿಮಾಡಬಹುದಿತ್ತು. ಎಲ್ಲರೂ ನಿಂತು ಮಾತಾಡುತ್ತಿದ್ದಾಗ ಗಾಳಿಯೊಂದು ಬೀಸಿ ವಿಮಾನವನ್ನು ಎತ್ತಿ ಮಗುಚಿತು. ಹಿಡಿಯಲು ಹೋದ ಡೇನಿಯಲ್ಸ್ ತಂತಿ ಕಡ್ಡಿಗಳ ನಡುವೆ ಸಿಕ್ಕಿಕೊಂಡು ಅದರ ಜೊತೆಗೇ ಉರುಳಿದ. ಆತ ಮೈಕೈ ತರಚಿಕೊಂಡು ಪಾರಾದ. ವಿಮಾನದ ರೆಕ್ಕೆಯ ಪಕ್ಕೆಗಳು ಮುರಿದವು, ಎಂಜಿನ್ನಿನ ಹೊರಕವಚ ಒಡೆಯಿತು.

ಆ ಎಂಜಿನ್ ಕೂಡ ಮನೆಯ ಸರಕೇ. ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು ಆರು ವಾರದಲ್ಲಿ ಮಾಡಿಕೊಟ್ಟದ್ದು, 12 ಅಶ್ವಶಕ್ತಿ. ರೆಕ್ಕೆಗೆ ಹೊದಿಸಿದ್ದು ಹೆಂಗಸರ ಒಳಉಡುಪಿಗೆ ಬಳಸುತ್ತಿದ್ದ ಮಸ್ಲಿನ್. ಒಟ್ಟು ಖರ್ಚು 1,000 ಡಾಲರಿಗಿಂತ ಕಡಿಮೆ.

ಮುರಿದದ್ದನ್ನು ಪೆಟ್ಟಿಗೆಗೆ ತುಂಬಿ ಸಹೋದರರು ಡೇಟನ್ನಿಗೆ ತಂದರು. ಅಲ್ಲಿ ಅದು ವರ್ಷಗಟ್ಟಲೆ ಹಾಗೇ ಬಿದ್ದಿತ್ತು. 1906ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮತ್ತು ಫ್ಲೈವೀಲ್ ಎರವಲು ಹೋದವು, ಮರಳಿ ಬರಲೇ ಇಲ್ಲ. 1913ರಲ್ಲಿ ಡೇಟನ್ ಊರು ಪ್ರವಾಹದಲ್ಲಿ ಮುಳುಗಿದಾಗ ಪೆಟ್ಟಿಗೆಗಳೂ ಮುಳುಗಿ ಕೆಸರು ಹಿಡಿದವು. ನಮ್ಮ ಅಟ್ಟದ ಮೇಲಿನ ಹಳೆಯ ತೊಟ್ಟಿಲಿನಂತೆ, ಬಿಸಾಡಲು ಮನಸ್ಸಿಲ್ಲ, ಬಳಸಲು ಬರುವುದಿಲ್ಲ. ಅದು ಅಮೂಲ್ಯವಾದದ್ದು ಜಗಳ ಶುರುವಾದ ಮೇಲೆ.

ಜಗಳದ ಮೂಲ ಸ್ಮಿತ್ಸೋನಿಯನ್ನಿನಲ್ಲೇ ಇತ್ತು. ಆ ಸಂಸ್ಥೆಯ ಕಾರ್ಯದರ್ಶಿ, ಹೆಸರಾಂತ ಖಗೋಳವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ, ಸೈನ್ಯ ಇಲಾಖೆಯ 50,000 ಡಾಲರ್ ನೆರವಿನಿಂದ ‘ಏರೋಡ್ರೋಮ್’ ಎಂಬ ವಿಮಾನ ಕಟ್ಟಿಸಿದ್ದ. ಅದು 1903ರ ಅಕ್ಟೋಬರ್‌ನಲ್ಲಿ ಒಮ್ಮೆ, ಡಿಸೆಂಬರ್ 8ರಂದು ಇನ್ನೊಮ್ಮೆ, ದೋಣಿಮನೆಯ ಮೇಲಿಂದ ಚಿಮ್ಮಿ ನೇರ ಪೊಟೊಮ್ಯಾಕ್ ನದಿಗೆ ಬಿತ್ತು. ಒಂಬತ್ತು ದಿನದ ನಂತರ ಸೈಕಲ್ ಅಂಗಡಿಯವರು ಹಾರಿದರು. ಪತ್ರಿಕೆಗಳು ಲ್ಯಾಂಗ್ಲಿಯನ್ನು ಹರಿದು ಮುಕ್ಕಿದವು. ಆತ 1906ರಲ್ಲಿ ತೀರಿಕೊಂಡ. ಸಂಸ್ಥೆಯಲ್ಲಿ ಅವನ ನಂತರ ಬಂದವರಿಗೆ ಆ ಅವಮಾನ ಮುಳ್ಳಿನ ಹಾಗೆ ಉಳಿದಿತ್ತು.

1914ರಲ್ಲಿ ಅವರು ಮಾಡಿದ ಕೆಲಸವನ್ನು ಎಷ್ಟು ಉದಾರವಾಗಿ ನೋಡಿದರೂ ಕ್ಷಮಿಸುವುದು ನನಗೆ ಕಷ್ಟ. ನದಿಯಿಂದ ಎತ್ತಿಟ್ಟಿದ್ದ ಲ್ಯಾಂಗ್ಲಿಯ ವಿಮಾನವನ್ನು ರಿಪೇರಿ ಮಾಡಿ ಹಾರಿಸಿ ನೋಡಲು ಗ್ಲೆನ್ ಕರ್ಟಿಸ್‌ಗೆ ಕೊಟ್ಟರು, ಜೊತೆಗೆ 2,000 ಡಾಲರ್. ಕರ್ಟಿಸ್ ಆಗ ಪೇಟೆಂಟ್ ವಿಷಯದಲ್ಲಿ ರೈಟ್ ಸಹೋದರರ ಎದುರು ಮೊಕದ್ದಮೆಯಲ್ಲಿದ್ದವನು. ಲ್ಯಾಂಗ್ಲಿಯ ಯಂತ್ರ ಮೊದಲೇ ಹಾರಬಲ್ಲದ್ದಾಗಿತ್ತು ಎಂದು ತೋರಿಸಿದರೆ ಲಾಭ ಅವನಿಗೇ. ರೆಕ್ಕೆ, ಆಧಾರಗಳು, ನಿಯಂತ್ರಣ, ಹೀಗೆ ಹತ್ತಾರು ಕಡೆ ಬದಲಾವಣೆ ಮಾಡಿ, ತೇಲುಬುರುಡೆ ಕಟ್ಟಿ, ಕ್ಯೂಕಾ ಸರೋವರದ ಮೇಲೆ ಒಂದಿಷ್ಟು ದೂರ ಕುಪ್ಪಳಿಸಿದ. ಆಮೇಲೆ ಸಂಸ್ಥೆ ಆ ಬದಲಾವಣೆಗಳನ್ನೆಲ್ಲ ಕಿತ್ತು, ವಿಮಾನವನ್ನು 1903ರ ರೂಪಕ್ಕೆ ತಂದು, ಮನುಷ್ಯನನ್ನು ಹೊತ್ತು ಹಾರಬಲ್ಲ ಜಗತ್ತಿನ ಮೊದಲ ವಿಮಾನ ಇದೇ ಎಂಬ ಅರ್ಥದ ಫಲಕ ಹಾಕಿ ಪ್ರದರ್ಶನಕ್ಕಿಟ್ಟಿತು. ರಿಪೇರಿಯ ದಾಖಲೆ ಮುಚ್ಚಿಟ್ಟು ವಿಮಾನ ಮಾರುವವನನ್ನು ಸಂತೆಯಲ್ಲಿ ಏನೆಂದು ಕರೆಯುತ್ತಾರೋ, ಇಲ್ಲಿಯೂ ಹಾಗೆಯೇ ಕರೆಯಬೇಕು.

ವಿಲ್ಬರ್ 1912ರಲ್ಲೇ ಟೈಫಾಯ್ಡಿನಿಂದ ತೀರಿಕೊಂಡಿದ್ದ. ಆರ್ವಿಲ್ ಒಬ್ಬನೇ ಉಳಿದಿದ್ದ. ಮಾತು ಕಡಿಮೆ, ಸಿಟ್ಟು ಆರುವುದಿಲ್ಲ, ಅಂಥ ಸ್ವಭಾವ. 1916ರಲ್ಲಿ ಎಂ.ಐ.ಟಿ.ಯ ಹೊಸ ಕಟ್ಟಡಗಳ ಉದ್ಘಾಟನೆಯ ಹೊತ್ತಿಗೆ ಫ್ಲೈಯರನ್ನು ಪೆಟ್ಟಿಗೆಯಿಂದ ತೆಗೆದು, ಮುರಿದ ಭಾಗಗಳನ್ನು ಸರಿಪಡಿಸಿ ನಿಲ್ಲಿಸಿದ. ಸ್ಮಿತ್ಸೋನಿಯನ್ ತನ್ನ ಮಾತು ಹಿಂತೆಗೆದುಕೊಳ್ಳಲೆಂದು ವರ್ಷಗಟ್ಟಲೆ ಕಾದ. ತೆಗೆದುಕೊಳ್ಳಲಿಲ್ಲ. 1925ರಲ್ಲಿ, ವಿಮಾನವನ್ನು ದೇಶದಾಚೆ ಕಳಿಸುತ್ತೇನೆ ಎಂದು ಸಾರಿದ. 1927ರಲ್ಲಿ ಹೊಸ ಮಸ್ಲಿನ್ ಹೊದಿಸಿದ. 1928ರಲ್ಲಿ ಅದು ಹಡಗೇರಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯ ಸೇರಿತು. ಅಮೆರಿಕದ ಹೆಮ್ಮೆ ಇಂಗ್ಲೆಂಡಿನಲ್ಲಿ ತೂಗಾಡುತ್ತಿದ್ದದ್ದು ಇಪ್ಪತ್ತು ವರ್ಷ. ನಡುವೆ ಯುದ್ಧ ಬಂತು. ಬಾಂಬುಗಳಿಗೆ ಹೆದರಿ ಅದನ್ನು ನೆಲದಡಿಯ ಸುರಕ್ಷಿತ ಜಾಗಕ್ಕೆ ಸಾಗಿಸಿದರು.

1942ರಲ್ಲಿ ಸ್ಮಿತ್ಸೋನಿಯನ್ನಿನ ಆಗಿನ ಕಾರ್ಯದರ್ಶಿ ಚಾರ್ಲ್ಸ್ ಆಬಟ್ ಕೊನೆಗೂ ತಪ್ಪೊಪ್ಪಿಕೊಂಡ. 1903ರ ಏರೋಡ್ರೋಮ್‌ಗೂ 1914ರಲ್ಲಿ ಕುಪ್ಪಳಿಸಿದ್ದಕ್ಕೂ ಇದ್ದ ವ್ಯತ್ಯಾಸಗಳನ್ನು ಪಟ್ಟಿಮಾಡಿ ಪ್ರಕಟಿಸಿದ. ಎಂದೋ ಕಳೆದುಹೋದ ಲಾಗ್‌ಬುಕ್ಕಿನ ಹಾಳೆಗಳು ಮರಳಿ ಸಿಕ್ಕಂತೆ. ಮರುವರ್ಷ ಆರ್ವಿಲ್ ಲಂಡನ್ನಿಗೆ ಪತ್ರ ಬರೆದು, ಯುದ್ಧ ಮುಗಿದ ಮೇಲೆ ವಿಮಾನ ವಾಪಸು ಬೇಕೆಂದು ತಿಳಿಸಿದ. ಅದನ್ನು ಹೊರಗೆ ಹೇಳಲಿಲ್ಲ. 1937ರ ಅವನ ಉಯಿಲಿನ ಪ್ರಕಾರ ವಿಮಾನ ಲಂಡನ್ನಿನಲ್ಲೇ ಉಳಿಯಬೇಕಿತ್ತು, ತಾನು ಪತ್ರ ಬರೆದು ಬೇರೆ ಏರ್ಪಾಡು ಮಾಡದಿದ್ದರೆ. 1948ರ ಜನವರಿ 30ರಂದು ಆತ ಸತ್ತ ಮೇಲೆ ಆ ಪತ್ರವೇ ಎಲ್ಲವನ್ನೂ ತೀರ್ಮಾನಿಸಿತು. ವರ್ಷದ ಕೊನೆಗೆ ಫ್ಲೈಯರ್ ‘ಮಾರಿಟೇನಿಯಾ’ ಹಡಗಿನಲ್ಲಿ ಹೊರಟಿತು. ನ್ಯೂಯಾರ್ಕ್ ಬಂದರಿನಲ್ಲಿ ಕಾರ್ಮಿಕರ ಮುಷ್ಕರ. ಹಾಗಾಗಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಇಳಿಯಬೇಕಾಯಿತು.

ಇನ್ನು ಕ್ರಯಪತ್ರ. ಒಂದು ಡಾಲರ್ ಯಾಕೆ, ಪುಕ್ಕಟೆ ಯಾಕಲ್ಲ ಎಂಬ ಪ್ರಶ್ನೆ ಏಳುತ್ತದೆ. ಇಂಗ್ಲಿಷ್ ಕಾನೂನಿನ ಪರಂಪರೆಯಲ್ಲಿ ಪ್ರತಿಫಲವಿಲ್ಲದ ಒಪ್ಪಂದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ನಮ್ಮ 1872ರ ಕರಾರು ಕಾಯಿದೆಯೂ ಅದನ್ನೇ ಹೇಳುತ್ತದೆ. ಪ್ರತಿಫಲ ಎಷ್ಟು ಚಿಕ್ಕದಾದರೂ ಸರಿ, ಇರಬೇಕು. ಆ ಒಂದು ಡಾಲರ್ ಮುರಿದ ಮರಕ್ಕೆ ಕಟ್ಟಿದ ಬೆಲೆಯಂತೆ ನನಗೆ ಕಾಣುವುದಿಲ್ಲ. ಕರಾರನ್ನು ಕಟ್ಟಿಹಾಕುವ ಗಂಟಿನಂತೆ ಕಾಣುತ್ತದೆ. ಕರಾರಿನ ತಿರುಳು ಹೀಗಿದೆ: ರೈಟ್ ಸಹೋದರರ 1903ರ ವಿಮಾನಕ್ಕಿಂತ ಹಿಂದಿನ ಯಾವ ವಿಮಾನವೂ ಮನುಷ್ಯನನ್ನು ಹೊತ್ತು, ಸ್ವಂತ ಬಲದಿಂದ, ನಿಯಂತ್ರಣದಲ್ಲಿ ಹಾರಬಲ್ಲದ್ದಾಗಿತ್ತು ಎಂದು ಸ್ಮಿತ್ಸೋನಿಯನ್ ಆಗಲಿ, ಅದರ ಉತ್ತರಾಧಿಕಾರಿಗಳಾಗಲಿ ಎಲ್ಲೂ ಬರೆಯಕೂಡದು, ಫಲಕ ಹಾಕಕೂಡದು. ಮುರಿದರೆ ವಿಮಾನವನ್ನು ವಾರಸುದಾರರು ಹಿಂದಕ್ಕೆ ಕೇಳಬಹುದು. ನಮ್ಮ ಕ್ರಯಪತ್ರಗಳಲ್ಲಿ ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ ಎಂದು ಚಕ್ಕುಬಂದಿ ಬರೆಯುತ್ತಾರಲ್ಲ, ಈ ಪತ್ರದಲ್ಲಿ ಇಸವಿಗೇ ಚಕ್ಕುಬಂದಿ ಹಾಕಿದ್ದಾರೆ: 1903ರ ಆಚೆ ಯಾರೂ ಇಲ್ಲ.

ಈ ಷರತ್ತನ್ನು ಮೊದಲ ಸಲ ಓದಿದಾಗ ನನಗೆ ಮಾರಿದವರ ಮೇಲೆ ಮರುಕವೇ ಹುಟ್ಟಿತ್ತು. ಒಮ್ಮೆ ಮೋಸಹೋದವರು ಎರಡನೆಯ ಸಲ ಬೀಗ ಹಾಕದೆ ಇರುತ್ತಾರೆಯೇ? ಅವರ ಕಣ್ಣೆದುರು ಇದ್ದದ್ದು ಲ್ಯಾಂಗ್ಲಿಯ ಫಲಕ. ಆದರೆ ಆ ಬೀಗ ಬೇರೆಯವರ ಕೈಗೆ ಆಯುಧವಾಯಿತು. ಕನೆಕ್ಟಿಕಟ್‌ನಲ್ಲಿ ನೆಲೆಸಿದ್ದ ಜರ್ಮನ್ ವಲಸಿಗ ಗುಸ್ಟಾವ್ ವೈಟ್‌ಹೆಡ್ 1901ರಲ್ಲೇ ಹಾರಿದ್ದ ಎಂದು ನಂಬುವವರ ದೊಡ್ಡ ಬಳಗವಿದೆ. 1970ರ ದಶಕದಲ್ಲಿ ಒಪ್ಪಂದದ ಪ್ರತಿ ಅವರಿಗೆ ಸಿಕ್ಕಿತು. ಸತ್ಯ ಹೇಳದಂತೆ ಸಂಗ್ರಹಾಲಯವನ್ನು ಕೊಂಡುಬಿಟ್ಟಿದ್ದಾರೆ ಎಂದು ಅವರು ಅಂದಿನಿಂದ ಹೇಳುತ್ತಲೇ ಇದ್ದಾರೆ. 2013ರಲ್ಲಿ ‘ಜೇನ್ಸ್’ ವಿಮಾನಕೋಶದ ಸಂಪಾದಕ ವೈಟ್‌ಹೆಡ್ ಪರ ಬರೆದ. ಎರಡು ವರ್ಷದ ಮೇಲೆ ಪ್ರಕಾಶಕರು ಅದು ಸಂಪಾದಕನ ಅಭಿಪ್ರಾಯ, ತಮ್ಮದಲ್ಲ ಎಂದರು. ಕನೆಕ್ಟಿಕಟ್ ರಾಜ್ಯವಂತೂ ಅದೇ 2013ರಲ್ಲಿ ವೈಟ್‌ಹೆಡ್ಡನಿಗೆ ಅನುಕೂಲವಾಗಿ ಕಾನೂನೇ ಮಾಡಿತು!

ನನ್ನ ಮಟ್ಟಿಗೆ ವೈಟ್‌ಹೆಡ್ ವಾದ ನಿಲ್ಲುವುದಿಲ್ಲ. ಹಾರುತ್ತಿರುವ ಸ್ಪಷ್ಟ ಚಿತ್ರವಿಲ್ಲ, ಬೆಳೆದು ಬಂದ ವಿನ್ಯಾಸದ ದಾಖಲೆಯಿಲ್ಲ. ನಮ್ಮಲ್ಲೂ 1895ರಲ್ಲಿ ಮುಂಬಯಿಯ ಚೌಪಾಟಿಯಲ್ಲಿ ಶಿವಕರ ತಳಪದೆ ಹಾರಿಸಿದನೆಂಬ ವಿಮಾನದ ಕಥೆ ವಾಟ್ಸಾಪಿನಲ್ಲಿ ಸುತ್ತುತ್ತದೆ, ಬೆನ್ನಿಗೆ ‘ವೈಮಾನಿಕ ಶಾಸ್ತ್ರ’ವನ್ನೂ ಎಳೆತರುತ್ತದೆ. ಆ ಗ್ರಂಥದ ವಿಮಾನಗಳು ಹಾರಲಾರವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲೇ ಲೆಕ್ಕಹಾಕಿ ತೋರಿಸಿದ್ದಾರೆ. ಇಂಥ ಕಥೆಗಳನ್ನು ಎದುರಿಸಲು ರೈಟ್ ಸಹೋದರರ ಪರವಾಗಿ ಒಪ್ಪಂದದ ಅಗತ್ಯವೇ ಇರಲಿಲ್ಲ. ಅವರ ಪತ್ರಗಳು, ಗಾಳಿಸುರಂಗದ ಅಳತೆಗಳು, ಡೇನಿಯಲ್ಸ್ ತೆಗೆದ ಫೋಟೋ, ಕೊನೆಗೆ ಮುರಿದು ಉಳಿದ ಯಂತ್ರ, ಇಷ್ಟು ಸಾಕಿತ್ತು. ಸಾಕಷ್ಟು ಗಟ್ಟಿಯಾಗಿದ್ದ ಸತ್ಯದ ಸುತ್ತ ಷರತ್ತಿನ ಬೇಲಿ ಹಾಕಿದ್ದರಿಂದ, ಒಳಗೇನೋ ಅಡಗಿಸಿದ್ದಾರೆಂಬ ಗುಮಾನಿ ದಾರಿಹೋಕರಿಗೂ ಬರುವಂತಾಯಿತು. ಗಟ್ಟಿ ಪುರಾವೆ ಸಿಕ್ಕರೆ ವಿಮಾನ ಕಳೆದುಕೊಂಡರೂ ಸರಿ, ಅದನ್ನು ಒಪ್ಪುವ ಧೈರ್ಯ ತನಗೂ ಸಹೋದ್ಯೋಗಿಗಳಿಗೂ ಇರಲಿ ಎಂದು ಅಲ್ಲಿನ ಇತಿಹಾಸಕಾರ ಟಾಮ್ ಕ್ರೌಚ್ ಹೇಳಿದ್ದುಂಟು. ಹಾಗೆ ಹೇಳಬೇಕಾಗಿ ಬಂದದ್ದೇ ಆ ಷರತ್ತಿನ ಫಲ.

ಕೊಂಡ ವಿಮಾನದಲ್ಲಿ ಹಾರಿದ ವಿಮಾನ ಎಷ್ಟಿತ್ತು ಎಂಬ ಲೆಕ್ಕ ಬೇರೆ. ಮುರಿದ ಭಾಗಗಳಲ್ಲಿ ಹಲವನ್ನು 1916ರಲ್ಲಿ ಬದಲಿಸಿಯಾಗಿತ್ತು, ಕ್ರ್ಯಾಂಕ್‌ಶಾಫ್ಟ್ ಬೇರೆ ಎಂಜಿನ್ನಿನದು, ಬಟ್ಟೆ 1927ರದು. 1980ರ ದಶಕದಲ್ಲಿ ಅದನ್ನು ಬಿಚ್ಚಿ, ಶುಚಿಮಾಡಿ, ಮತ್ತೊಮ್ಮೆ ಹೊಸ ಮಸ್ಲಿನ್ ಹೊದಿಸಿದರು. ಹಳೆಯ ಬಟ್ಟೆಯ ಒಂದು ಚೂರೂ ಪ್ರೊಪೆಲ್ಲರಿನ ಒಂದು ತುಂಡೂ 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಜೊತೆ ಚಂದ್ರನಿಗೆ ಹೋಗಿಬಂದವು. ಇನ್ನೊಂದು ಚೂರು ಮಂಗಳದ ಮೇಲೆ 2021ರಲ್ಲಿ ಹಾರಿದ ‘ಇಂಜೆನ್ಯುಯಿಟಿ’ ಹೆಲಿಕಾಪ್ಟರಿಗೆ ಅಂಟಿಕೊಂಡು ಅಲ್ಲೇ ಇದೆ.

1948ರ ಡಿಸೆಂಬರ್ 17ರಂದು, ಹಾರಾಟದ 45ನೆಯ ವರ್ಷಕ್ಕೆ ಸರಿಯಾಗಿ, ವಾಷಿಂಗ್ಟನ್ನಿನಲ್ಲಿ ಫ್ಲೈಯರನ್ನು ಜನರ ಮುಂದೆ ಅನಾವರಣ ಮಾಡಿದರು. ಆರ್ವಿಲ್ ಇರಲಿಲ್ಲ. ಫೋಟೋ ತೆಗೆದು, ಆಮೇಲೆ ವಿಮಾನದ ಜೊತೆ ಮರಳಿನಲ್ಲಿ ಉರುಳಿ, ಮೊದಲ ವಿಮಾನ ಅಪಘಾತದ ಗಾಯಾಳು ತಾನೇ ಎಂದು ಹೇಳಿಕೊಳ್ಳುತ್ತಿದ್ದ ಡೇನಿಯಲ್ಸ್ ಕೂಡ ಇರಲಿಲ್ಲ. ಆತ ಆ ವರ್ಷ ಜನವರಿ 31ರಂದು, ಆರ್ವಿಲ್ ಸತ್ತ ಮರುದಿನವೇ, ತೀರಿಕೊಂಡಿದ್ದ.