ಓಟು ಹಾಕಿದವರ ಸಿನಿಮಾ, ನೋಡಿದವರ ಸಿನಿಮಾ

ಜಗತ್ತಿನ ಸಾರ್ವಕಾಲಿಕ ಶ್ರೇಷ್ಠ ಸಿನಿಮಾ ಯಾವುದು ಅಂತ ಮೊಬೈಲಿನಲ್ಲಿ ಹುಡುಕಿದರೆ ಬಹುಪಾಲು ಸಲ ಮೊದಲು ಸಿಗುವ ಹೆಸರು 'ದಿ ಶಾಶಾಂಕ್ ರಿಡೆಂಪ್ಶನ್'. ಐಎಂಡಿಬಿಯ 250 ಸಿನಿಮಾಗಳ ಪಟ್ಟಿಯಲ್ಲಿ ಅದು 2008ರಿಂದ ಮೊದಲ ಸ್ಥಾನದಲ್ಲಿ ಕೂತಿದೆ. ಈ ಸಿನಿಮಾ 1994ರಲ್ಲಿ ತೆರೆಗೆ ಬಂದಾಗ ಯಾರೂ ಹೀಗೆ ಅಂದುಕೊಂಡಿರಲಿಲ್ಲ. ಸುಮಾರು 2.5 ಕೋಟಿ ಡಾಲರ್ ಸುರಿದು ಮಾಡಿದ ಚಿತ್ರ ಮೊದಲ ಸುತ್ತಿನಲ್ಲಿ ಗಳಿಸಿದ್ದು ಸುಮಾರು 1.6 ಕೋಟಿ. ಏಳು ವಿಭಾಗಗಳಲ್ಲಿ ಆಸ್ಕರ್‌ಗೆ ನಾಮಕರಣಗೊಂಡರೂ ಒಂದೂ ಬರಲಿಲ್ಲ. ಆಮೇಲೆ ಅದನ್ನು ಎತ್ತಿ ನಿಲ್ಲಿಸಿದ್ದು ವಿಡಿಯೊ ಕ್ಯಾಸೆಟ್ ಅಂಗಡಿ ಮತ್ತು ಕೇಬಲ್ ಟಿವಿ. 1995ರಲ್ಲಿ ಅಮೆರಿಕದಲ್ಲಿ ಜನ ಬಾಡಿಗೆಗೆ ಒಯ್ದ ಕ್ಯಾಸೆಟ್‌ಗಳಲ್ಲಿ ಅದು ಮುಂಚೂಣಿಯಲ್ಲಿತ್ತು. 1997ರಿಂದ ಟಿಎನ್‌ಟಿ ವಾಹಿನಿ ಅದನ್ನು ಮತ್ತೆ ಮತ್ತೆ ಹಾಕಿತು. ಮನೆಯಲ್ಲಿ ಕೂತು ನೋಡಿದ ಆ ಪೀಳಿಗೆಯ ಕೈಗೇ ಕೆಲವೇ ವರ್ಷಗಳಲ್ಲಿ ಇಂಟರ್‌ನೆಟ್ಟೂ ಬಂತು. ಅವರು ಅಂಕ ಒತ್ತಿದರು.

ಇಲ್ಲಿಂದ ಶುರು ಮಾಡಲು ಕಾರಣ ಇದೆ. ಪಟ್ಟಿ ಬಂದ ಕೂಡಲೇ ನಾವು 'ಇದು ಸರಿ, ಅದು ತಪ್ಪು' ಎಂಬ ವಾದಕ್ಕೆ ಇಳಿಯುತ್ತೇವೆ. ಪಂಚಾಯಿತಿ ಚುನಾವಣೆ ವರದಿ ಮಾಡಿದವರಿಗೆ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಹೊಳೆಯಬೇಕು. ಮತದಾರರ ಪಟ್ಟಿಯಲ್ಲಿ ಯಾರ ಹೆಸರಿತ್ತು?

ಸಿನಿಮಾಗಳಿಗೆ ಹೀಗೆ ರ‍್ಯಾಂಕ್ ಕೊಡುವ ಚಟ ಇಂಟರ್‌ನೆಟ್ಟಿಗಿಂತ ಹಳೆಯದು. ಲಂಡನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಲ್ಲಿ 85 ವಿಮರ್ಶಕರಿಗೆ ಪತ್ರ ಬರೆದು ತಲಾ ಹತ್ತು ಸಿನಿಮಾ ಹೆಸರಿಸಿ ಎಂದಿತು. ಉತ್ತರಿಸಿದವರು 63 ಜನ. ಗೆದ್ದದ್ದು ಇಟಲಿಯ ಡಿ ಸಿಕಾ ನಿರ್ದೇಶನದ 'ಬೈಸಿಕಲ್ ಥೀವ್ಸ್'. ಆಗ ಅದಕ್ಕೆ ನಾಲ್ಕೇ ವರ್ಷ ವಯಸ್ಸು. ಸೈಕಲ್ ಕಳೆದುಕೊಂಡ ಒಬ್ಬ ಬಡ ಪೋಸ್ಟರ್ ಹಚ್ಚುವವನ ಕಥೆ, ಯುದ್ಧ ಮುಗಿದು ಇನ್ನೂ ಸುಧಾರಿಸಿಕೊಳ್ಳುತ್ತಿದ್ದ ಯುರೋಪಿಗೆ ಹತ್ತಿರವಾದದ್ದು ಸಹಜ. ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಇದೇ ಕೆಲಸ ಮಾಡುತ್ತ ಬಂತು. 1962ರಲ್ಲಿ 'ಬೈಸಿಕಲ್ ಥೀವ್ಸ್' ಕೆಳಕ್ಕೆ ಜಾರಿತು, 1972ರಲ್ಲಿ ಮೊದಲ ಹತ್ತರಲ್ಲೇ ಇರಲಿಲ್ಲ. ಸಿನಿಮಾ ಅದೇ, ಒಂದು ಫ್ರೇಮ್ ಕೂಡ ಬದಲಾಗಿರಲಿಲ್ಲ.

ಅದರ ಜಾಗಕ್ಕೆ ಬಂದ 'ಸಿಟಿಜನ್ ಕೇನ್' 1952ರ ಮೊದಲ ಹತ್ತರಲ್ಲಿ ಇರಲೇ ಇಲ್ಲ. 1941ರ ಆ ಸಿನಿಮಾ 1956ರ ಹೊತ್ತಿಗೆ ಅಮೆರಿಕದ ಟಿವಿಯಲ್ಲೂ ಚಿತ್ರಮಂದಿರಗಳಲ್ಲೂ ಮತ್ತೆ ಕಾಣಿಸಿಕೊಂಡಿತು. 1962ರಲ್ಲಿ ಮೊದಲ ಸ್ಥಾನಕ್ಕೇರಿ ಐದು ಮತದಾನಗಳಲ್ಲಿ ಅಲ್ಲೇ ಉಳಿಯಿತು. ಹಿಚ್‌ಕಾಕ್‌ನ 'ವರ್ಟಿಗೊ' ಕಥೆ ಇನ್ನೂ ವಿಚಿತ್ರ. ಬಹಳ ಕಾಲ ಪ್ರದರ್ಶನಕ್ಕೆ ಸಿಗದೆ ಇದ್ದ ಆ ಚಿತ್ರ 1980ರ ದಶಕದಲ್ಲಿ ಮರುಬಿಡುಗಡೆಯಾಯಿತು. 1996ರಲ್ಲಿ ಹಳೆಯ ಬಣ್ಣವನ್ನು ಮರಳಿಸಿದ ಹೊಸ ಪ್ರತಿ ಬಂತು. 1992ರಲ್ಲಿ ನಾಲ್ಕನೆಯದು, 2002ರಲ್ಲಿ ಎರಡನೆಯದು, 2012ರಲ್ಲಿ ಮೊದಲನೆಯದು. ಆ ವರ್ಷ ಮತ ಹಾಕಿದವರು 846 ಜನ. 2022ರಲ್ಲಿ ಆ ಸಂಖ್ಯೆ 1,639ಕ್ಕೆ ಏರಿತು, ಹಿಂದೆ ಯಾರೂ ಕೇಳದೆ ಇದ್ದವರನ್ನೂ ಕೇಳಲಾಯಿತು. ಗೆದ್ದದ್ದು ಬೆಲ್ಜಿಯಂನ ಶಾಂತಾಲ್ ಅಕರ್ಮಾನ್ 25ನೇ ವಯಸ್ಸಿನಲ್ಲಿ ಮಾಡಿದ, ಮನೆಗೆಲಸ ಮಾಡುವ ಒಬ್ಬ ವಿಧವೆಯ ಮೂರು ದಿನಗಳನ್ನು ಮೂರು ಗಂಟೆಗೂ ಹೆಚ್ಚು ಹೊತ್ತು ತೋರಿಸುವ 'ಝ್ಯಾನ್ ದೀಲ್ಮನ್'. ಹೆಣ್ಣು ನಿರ್ದೇಶಿಸಿದ ಚಿತ್ರವೊಂದು ಮೊದಲ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ಆಲೂಗಡ್ಡೆ ಸುಲಿಯುವುದನ್ನು ಯಾರು ನೋಡುತ್ತಾರೆ ಎಂದು ಕೆಲವರು ಗೊಣಗಿದರು. ಅಡುಗೆಮನೆಯಲ್ಲಿ ದಿನಾ ಸುಲಿಯುವವರನ್ನು ಆವರೆಗೆ ಯಾರೂ ಕೇಳಿರಲಿಲ್ಲ ಅನ್ನುವುದು ಅವರಿಗೆ ಹೊಳೆದಂತಿಲ್ಲ.

ಅದೇ ಪಟ್ಟಿಯ ಮೊದಲ ನೂರರಲ್ಲಿ ಇದ್ದ ಭಾರತದ ಸಿನಿಮಾ ಒಂದೇ, 35ನೇ ಸ್ಥಾನದಲ್ಲಿ 'ಪಥೇರ್ ಪಾಂಚಾಲಿ'. ಇಲ್ಲೊಂದು ಕೊಂಡಿ ಇದೆ. ಸತ್ಯಜಿತ್ ರಾಯ್ 1950ರಲ್ಲಿ ಜಾಹೀರಾತು ಕಂಪನಿಯ ಕೆಲಸದ ಮೇಲೆ ಲಂಡನ್ನಿಗೆ ಹೋದಾಗ 'ಬೈಸಿಕಲ್ ಥೀವ್ಸ್' ನೋಡಿದರು, ತಾನೂ ಹೀಗೇ ಹೊರಾಂಗಣದಲ್ಲಿ, ಹೊಸಬರನ್ನು ಹಾಕಿಕೊಂಡು ಸಿನಿಮಾ ಮಾಡುತ್ತೇನೆ ಎಂದು ನಿಶ್ಚಯಿಸಿ ಬಂದರು. 1952ರ ಪಟ್ಟಿಯಲ್ಲಿ ಗೆದ್ದ ಚಿತ್ರ ತಾನು ಮೊದಲ ಹತ್ತರಿಂದ ಹೊರಗೆ ಬಿದ್ದ ಮೇಲೂ ಇನ್ನೊಂದು ಚಿತ್ರವನ್ನು ಒಳಗೆ ಕಳಿಸಿತ್ತು.

ಇದೆಲ್ಲ ವಿಮರ್ಶಕರ ಓಟು. ಸಾಮಾನ್ಯ ಪ್ರೇಕ್ಷಕರ ಓಟು ಶುರುವಾದದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ಕಾಲ್ ನೀಡಮ್ ಎಂಬುವರಿಂದ. ನೋಡಿದ ಸಿನಿಮಾಗಳ ವಿವರ ಬರೆದಿಟ್ಟುಕೊಳ್ಳುವ ಹುಚ್ಚು ಅವರಿಗೆ ಹುಡುಗನಾಗಿದ್ದಾಗಲೇ ಇತ್ತು. ವೆಬ್‌ಸೈಟ್ ಎಂಬ ಮಾತೇ ಜನಕ್ಕೆ ಗೊತ್ತಿಲ್ಲದ ಕಾಲದಲ್ಲಿ ಸಿನಿಮಾ ಪ್ರಿಯರ ಒಂದು ಆನ್‌ಲೈನ್ ಗುಂಪು ನಟರ, ನಿರ್ದೇಶಕರ ಪಟ್ಟಿಗಳನ್ನು ಕೈಯಾರೆ ಟೈಪ್ ಮಾಡಿ ಹಂಚಿಕೊಳ್ಳುತ್ತಿತ್ತು. 1990ರ ಅಕ್ಟೋಬರ್ 17ರಂದು ನೀಡಮ್ ಆ ಪಟ್ಟಿಗಳಲ್ಲಿ ಹುಡುಕಾಟ ಮಾಡುವ ಸಣ್ಣ ಪ್ರೋಗ್ರಾಂ ಬರೆದು ಹಾಕಿದರು. ಜನ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಇಮೇಲ್ ಮಾಡತೊಡಗಿದರು. ಅದು 1993ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಒಂದರಿಂದ ವೆಬ್ಬಿಗೆ ಬಂತು, 1998ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಆಗ ಅಂಕ ಕೊಡಲು ಬೇಕಾದ ಅರ್ಹತೆ ಮೂರು: ಕಂಪ್ಯೂಟರ್, ಫೋನ್ ಲೈನ್, ಇಂಗ್ಲಿಷ್. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಎಸ್‌ಟಿಡಿ ಬೂತಿನ ಮುಂದೆ ಜನ ಸಾಲು ನಿಲ್ಲುತ್ತಿದ್ದ ಕಾಲ ಅದು.

ಅಂಕ ಎಣಿಸುವ ಲೆಕ್ಕವನ್ನೂ ನೋಡಬೇಕು, ಆಟ ಇರುವುದು ಅಲ್ಲಿ. ಬರೀ ಸರಾಸರಿ ತೆಗೆದರೆ ಹತ್ತು ಜನ ನೆಂಟರು ಹತ್ತಕ್ಕೆ ಹತ್ತು ಕೊಟ್ಟ ಸಿನಿಮಾ ಮೇಲಕ್ಕೆ ಹೋಗಿಬಿಡುತ್ತದೆ. ಅದನ್ನು ತಡೆಯಲು ಐಎಂಡಿಬಿ ಒಂದು ಸೂತ್ರ ಇಟ್ಟುಕೊಂಡಿತು. ಪ್ರತಿ ಸಿನಿಮಾದ ಓಟುಗಳ ಜೊತೆಗೆ ಸಾಧಾರಣ ಅಂಕದ ಇಷ್ಟು ಓಟುಗಳನ್ನು ತಾನೇ ಬೆರೆಸುವುದು. ಮೊದಲು ಈ ಬೆರಕೆ 1,250 ಓಟು ಇತ್ತು, ಆಮೇಲೆ 3,000, ಆಮೇಲೆ 25,000. ಸಾಧಾರಣ ಅಂಕ 7 ಎಂದಿಟ್ಟುಕೊಳ್ಳಿ. ಸಾವಿರ ಜನ ನೋಡಿ ಸರಾಸರಿ 9.5 ಕೊಟ್ಟ ಸಿನಿಮಾದ ಅಂಕ ಈ ಲೆಕ್ಕದಲ್ಲಿ 7.1ಕ್ಕೆ ಇಳಿಯುತ್ತದೆ. ಹತ್ತು ಲಕ್ಷ ಜನ ಅದೇ 9.5 ಕೊಟ್ಟಿದ್ದರೆ 9.4ಕ್ಕಿಂತ ಮೇಲೇ ನಿಲ್ಲುತ್ತದೆ. ಒಂದು ಲೋಟ ಹಾಲಿಗೂ ಒಂದು ಹಂಡೆ ಹಾಲಿಗೂ ಒಂದೇ ಅಳತೆಯ ನೀರು ಹೊಯ್ದ ಹಾಗೆ. ಮೋಸ ತಡೆಯಲು ಇದು ಒಳ್ಳೆಯ ಉಪಾಯ, ಒಪ್ಪುತ್ತೇನೆ. ಆದರೆ ಸಣ್ಣ ಭಾಷೆಯ ಹಾಲು ತೆಳುವಾಗುವುದು ಇದೇ ನೀರಿನಿಂದ. ಅದರ ಮೇಲೆ, 'ನಿಯಮಿತವಾಗಿ ಓಟು ಹಾಕುವವರ' ಅಂಕ ಮಾತ್ರ ಈ ಪಟ್ಟಿಗೆ ಲೆಕ್ಕ. ನಿಯಮಿತ ಅಂದರೆ ಎಷ್ಟು ಎಂಬುದು ಗುಟ್ಟು.

ಇಷ್ಟೆಲ್ಲ ಕಾವಲಿದ್ದೂ 2008ರಲ್ಲಿ ಗಲಾಟೆಯಾಯಿತು. ಬಹುಕಾಲ ಮೊದಲ ಸ್ಥಾನದಲ್ಲಿದ್ದದ್ದು 'ದಿ ಗಾಡ್‌ಫಾದರ್'. ಆ ಜುಲೈನಲ್ಲಿ ಬ್ಯಾಟ್‌ಮ್ಯಾನ್ ಕಥೆಯ 'ದಿ ಡಾರ್ಕ್ ನೈಟ್' ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ ಪಟ್ಟಿಯ ತುದಿಗೆ ಹೋಯಿತು. ಅದರ ಅಭಿಮಾನಿಗಳು ತಮ್ಮ ಚಿತ್ರಕ್ಕೆ ಹತ್ತು ಕೊಟ್ಟು ಸುಮ್ಮನಾಗದೆ 'ಗಾಡ್‌ಫಾದರ್'ಗೆ ಒಂದು ಒತ್ತಿದರು. ಆ ಕಡೆಯವರೂ ಬಿಡಲಿಲ್ಲ, ಬ್ಯಾಟ್‌ಮ್ಯಾನ್‌ಗೆ ಒಂದು ಒತ್ತಿದರು. ಇಬ್ಬರೂ ಇಳಿದಾಗ, ಯಾರ ದ್ವೇಷವನ್ನೂ ಕಟ್ಟಿಕೊಳ್ಳದ 'ಶಾಶಾಂಕ್' ಮೇಲೆ ಉಳಿಯಿತು. ಎರಡು ಬಣಗಳ ಜಗಳದಲ್ಲಿ ಮೂರನೆಯವರು ಅಧ್ಯಕ್ಷರಾಗುವುದನ್ನು ನಾವು ಎಷ್ಟು ಪಂಚಾಯಿತಿಗಳಲ್ಲಿ ಕಂಡಿಲ್ಲ!

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಸಿನಿಮಾ ಅಳೆಯಲು ಅಂಕ ಇರಲಿಲ್ಲ, ವಾರ ಇತ್ತು. ಐವತ್ತು ದಿನ, ನೂರು ದಿನ, ಇಪ್ಪತ್ತೈದು ವಾರ. ಪೋಸ್ಟರ್ ಮೇಲೆ ವಾರದ ಸಂಖ್ಯೆಯ ಚೀಟಿ ಅಂಟಿಸುವುದೇ ನಮ್ಮ ರ‍್ಯಾಂಕಿಂಗ್. 1972ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಅನ್ನುವುದು ಕನ್ನಡಿಗರ ಬಾಯಲ್ಲಿ ಗಾದೆಯಂತೆ ಉಳಿದಿದೆ. ಟಿ.ಕೆ. ರಾಮರಾವ್ ಕಾದಂಬರಿ ಆಧರಿಸಿದ ಆ ಚಿತ್ರ ನೋಡಿ ಪಟ್ಟಣದ ಕೆಲಸ ಬಿಟ್ಟು ಊರಿಗೆ ಮರಳಿ ಬೇಸಾಯ ಹಿಡಿದವರ ಕಥೆಗಳನ್ನು ಹಿರಿಯರು ಈಗಲೂ ಹೇಳುತ್ತಾರೆ. ಸಿನಿಮಾ ನೋಡಿ ನೇಗಿಲು ಹಿಡಿದವನು ಹತ್ತಕ್ಕೆ ಎಷ್ಟು ಕೊಟ್ಟ ಎಂದು ಹೇಗೆ ಎಣಿಸುತ್ತೀರಿ? ಅವರಲ್ಲಿ ಎಷ್ಟೋ ಜನ ಇಂಟರ್‌ನೆಟ್ ಬರುವ ಮುಂಚೆಯೇ ಹೋಗಿಬಿಟ್ಟರು.

ಆದರೆ ವಾರದ ಲೆಕ್ಕದಲ್ಲೂ ಊರಿನವರ ಪಾಲು ಕಮ್ಮಿಯೇ. ವಾರ ಎಣಿಸುತ್ತಿದ್ದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ. ರೀಲಿನ ಡಬ್ಬಗಳು ಅಲ್ಲೆಲ್ಲ ಸವೆದು, ಗೀರು ಬಿದ್ದು, ಕೊನೆಗೆ ಟೂರಿಂಗ್ ಟಾಕೀಸಿನ ಟೆಂಟಿಗೆ ಬರುತ್ತಿದ್ದವು. ಅಲ್ಲಿ ನೆಲದ ಮೇಲೆ ಕೂತು ನೋಡಿದ ಜನ ಯಾವ ಲೆಕ್ಕಕ್ಕೂ ಸೇರಲಿಲ್ಲ.

2022ರಲ್ಲಿ ಎರಡು ಪಟ್ಟಿಗಳು ಬಂದವು, ಎರಡರಲ್ಲೂ ಕನ್ನಡ ಇತ್ತು. ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟವಾದ ಫಿಪ್ರೆಸಿಯ ಭಾರತ ಘಟಕ ಅಕ್ಟೋಬರಿನಲ್ಲಿ ಗುಟ್ಟಾಗಿ ಓಟು ಹಾಕಿಸಿ ಭಾರತದ ಹತ್ತು ಶ್ರೇಷ್ಠ ಚಿತ್ರಗಳನ್ನು ಆರಿಸಿತು. 'ಪಥೇರ್ ಪಾಂಚಾಲಿ' ಮೊದಲನೆಯದು, ಗಿರೀಶ ಕಾಸರವಳ್ಳಿ ಅವರ 'ಘಟಶ್ರಾದ್ಧ' ಐದನೆಯದು, 'ಶೋಲೆ' ಹತ್ತನೆಯದು. ವರ್ಷದ ಕೊನೆಗೆ ಐಎಂಡಿಬಿ ಆ ವರ್ಷದ ಜನಪ್ರಿಯ ಭಾರತೀಯ ಚಿತ್ರಗಳ ಪಟ್ಟಿ ಕೊಟ್ಟಿತು. ಹತ್ತರಲ್ಲಿ ಮೂರು ಕನ್ನಡದವು: 'ಕೆಜಿಎಫ್ 2' ಮೂರನೆಯದು, 'ಕಾಂತಾರ' ಐದನೆಯದು, '777 ಚಾರ್ಲಿ' ಹತ್ತನೆಯದು. ನಮ್ಮ ಹುಡುಗರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಎರಡನೆಯ ಪಟ್ಟಿ ಓಡಾಡಿದಷ್ಟು ಮೊದಲನೆಯದು ಓಡಾಡಲಿಲ್ಲ. ತಪ್ಪೇನಿಲ್ಲ. ಎರಡನೆಯ ಪಟ್ಟಿಯಲ್ಲಿ ಅವರೇ ಮತದಾರರು. ಅಗ್ಗದ ಡೇಟಾ ಬಂದ ಮೇಲೆ ಮೊದಲ ಸಲ ಹಳ್ಳಿಯ ಹುಡುಗ ಹುಡುಗಿಯರ ಬೆರಳಿಗೂ ಲೆಕ್ಕ ಬಂತು, ಅದು ದೊಡ್ಡ ಸಂಗತಿ. 'ಘಟಶ್ರಾದ್ಧ' ನೋಡಬೇಕೆಂದರೆ ಅವರು ಎಲ್ಲಿಗೆ ಹೋಗಬೇಕಿತ್ತು?

ಹಳ್ಳಿಯವರಿಗೆ ಅಂಥ ಸಿನಿಮಾ ಹಿಡಿಸುವುದಿಲ್ಲ ಎಂಬ ಮಾತಿಗೆ ಉತ್ತರ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಂ ಚಿತ್ರಸಮಾಜ ಶುರು ಮಾಡಿದರು. ಪುಣೆಯಿಂದ ಸತೀಶ್ ಬಹಾದ್ದೂರ್, ಫಿಲ್ಮ್ ಸಂಗ್ರಹಾಲಯದ ಪಿ.ಕೆ. ನಾಯರ್ ಬಂದು ರಸಗ್ರಹಣ ಶಿಬಿರ ನಡೆಸಿದರು. ಅಡಿಕೆ ತೋಟದ ಜನ ಕುರೊಸಾವಾ, ಸತ್ಯಜಿತ್ ರಾಯ್ ಚಿತ್ರಗಳನ್ನು ನೋಡಿ ಚರ್ಚೆ ಮಾಡಿದರು. ಅವರನ್ನೂ ಕೇಳಿದ್ದರೆ ಒಂದು ಪಟ್ಟಿ ಆಗುತ್ತಿತ್ತು, ಲಂಡನ್ನಿನದಕ್ಕಿಂತ ಬೇರೆಯದೇ ಪಟ್ಟಿ ಎಂದು ನನ್ನ ಊಹೆ.

ಪ್ರತಿ ಉಳಿದರೆ ಓಟು ತಡವಾಗಿಯಾದರೂ ಬರುತ್ತದೆ. 1977ರ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದರಿಂದ ಹೊಸ ಪ್ರತಿ ತಯಾರಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ತೆರೆ ಕಂಡಿತು. 1934ರ ಮಾರ್ಚ್ 3ರಂದು ಬಿಡುಗಡೆಯಾದ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ಕ್ಕೆ ಆ ಭಾಗ್ಯ ಇಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ತೆರೆಯ ಮೇಲೆ ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿ ಬೆರಗಾದವರೂ ಉಳಿದಿಲ್ಲ.

ಟೆಂಟಿನ ಪೀಳಿಗೆ ಮಾತ್ರ ಇನ್ನೂ ನಮ್ಮ ಮನೆಗಳಲ್ಲಿದೆ. ಈ ಬ್ಲಾಗಿಗೆ ಬರೆಯುವ ನಾವು ಹೆಚ್ಚು ಕಮ್ಮಿ ಒಬ್ಬೊಬ್ಬರು ಒಂದೊಂದು ತಾಲ್ಲೂಕಿನವರು. ಅರವತ್ತು ದಾಟಿದ ಹತ್ತು ಜನರನ್ನು ಮಾತಾಡಿಸೋಣ, ಅದರಲ್ಲಿ ಅರ್ಧ ಹೆಂಗಸರಿರಲಿ. ಅಂಕ ಬೇಡ. ಯಾವ ಸಿನಿಮಾ, ಯಾವ ಟಾಕೀಸು, ಯಾರ ಜೊತೆ ಹೋದದ್ದು, ಟಿಕೆಟ್ ದುಡ್ಡು ಎಲ್ಲಿಂದ ಬಂತು, ಮನೆಗೆ ಹೇಗೆ ವಾಪಸು ಬಂದರು, ಇಷ್ಟನ್ನು ಅವರ ಮಾತಿನಲ್ಲೇ ಬರೆದುಕೊಳ್ಳೋಣ. ನನ್ನ ತಾಲ್ಲೂಕಿನದನ್ನು ಯುಗಾದಿಯ ಒಳಗೆ ಹಾಕುತ್ತೇನೆ. ಟೆಂಟಿನಲ್ಲಿ ಪ್ರೊಜೆಕ್ಟರ್ ಓಡಿಸಿದವರು ನಿಮ್ಮ ಕಡೆ ಯಾರಾದರೂ ಇದ್ದರೆ ಮೊದಲು ಅವರ ಬಳಿ ಹೋಗಿ. ಯಾವ ರೀಲಿಗೆ ಜನ ಎದ್ದು ನಿಲ್ಲುತ್ತಿದ್ದರು ಅನ್ನುವುದು ಅವರಿಗೆ ಗೊತ್ತು.