ಬಿಸಿಲಿಗೆ ಒಡ್ಡಿದ ಬಣ್ಣ: ವಿಜಯಪುರ ಸೀಮೆಯ ಚಿತ್ರಗಳು ಮತ್ತು ಜಲವರ್ಣಗಳ ಬೆಳಕು ತಾಳಿಕೆಯ ಪರೀಕ್ಷೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ವಿಜಯಪುರ ಸೀಮೆಯು ಕರ್ನಾಟಕದ ಚಿತ್ರಕಲೆಯ ಇತಿಹಾಸದಲ್ಲಿ ಎರಡು ಕಾರಣಗಳಿಂದ ಗಮನಾರ್ಹವಾಗಿದೆ. 16 ಮತ್ತು 17ನೆಯ ಶತಮಾನಗಳಲ್ಲಿ ಆದಿಲಶಾಹಿ ಸುಲ್ತಾನರ ಆಶ್ರಯದಲ್ಲಿ ಇಲ್ಲಿ ಬೆಳೆದ ಕಿರುಚಿತ್ರ ಪರಂಪರೆ ಮೊದಲನೆಯದು. ಅದೇ ಕಾಲಮಾನದ ಭಿತ್ತಿಚಿತ್ರಗಳು ಅರಮನೆ ಮತ್ತು ಜಲಮಂಟಪಗಳ ಗೋಡೆಗಳ ಮೇಲೆ ಅಲ್ಪಸ್ವಲ್ಪವಾದರೂ ಉಳಿದು ಬಂದಿರುವುದು ಎರಡನೆಯದು. ಇವುಗಳಲ್ಲಿ ಒಂದು ವರ್ಗವು ಪುಸ್ತಕದ ಹಾಳೆಗಳ ನಡುವೆ ಕತ್ತಲಲ್ಲಿ ಉಳಿಯಿತು. ಮತ್ತೊಂದು ಬೆಳಕು, ಗಾಳಿ, ತೇವಗಳಿಗೆ ಒಡ್ಡಿಕೊಂಡಿತು. ಒಂದೇ ರಾಜಾಶ್ರಯದ ಬಣ್ಣಗಳು ಎರಡು ಭಿನ್ನ ಪರಿಸರಗಳಲ್ಲಿ ಸುಮಾರು ನಾಲ್ಕು ಶತಮಾನಗಳನ್ನು ಕಳೆದಿರುವ ಇಂಥ ಸನ್ನಿವೇಶ ಅಪರೂಪವಾದುದು.

ಚಿತ್ರಕಲೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಚಿತ್ರದ ರೇಖೆ, ಉಡುಪು, ಸಂಯೋಜನೆಗಳ ಜೊತೆಗೆ ಬಣ್ಣವನ್ನೂ ಶೈಲಿಯ ಲಕ್ಷಣವೆಂದು ಪರಿಗಣಿಸುತ್ತಾರೆ. ಆದರೆ ಇಂದು ಕಾಣುವ ಬಣ್ಣವು ಚಿತ್ರಕಾರನು ಹಚ್ಚಿದ ಬಣ್ಣವೇ ಎಂಬ ಪ್ರಶ್ನೆಯನ್ನು ಎತ್ತುವುದು ವಿರಳ. ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ವಿಧಾನವೊಂದು 19ನೆಯ ಶತಮಾನದಲ್ಲಿ ರೂಪುಗೊಂಡಿತು. ಜಲವರ್ಣಗಳನ್ನು ಬಿಸಿಲಿಗೆ ಒಡ್ಡಿ ಅವುಗಳ ತಾಳಿಕೆಯನ್ನು ಅಳೆಯುವ ಪರೀಕ್ಷೆಯೇ ಆ ವಿಧಾನ. ಆ ಪರೀಕ್ಷೆಯ ಇತಿಹಾಸವನ್ನು ವಿಜಯಪುರ ಸೀಮೆಯ ಚಿತ್ರಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

1. ವರ್ಣದ್ರವ್ಯಗಳ ಪರಂಪರೆ

ನೀರಿನಲ್ಲಿ ಕರಗುವ ಅಂಟಿನೊಡನೆ ವರ್ಣದ್ರವ್ಯವನ್ನು ಅರೆದು ಸಿದ್ಧಪಡಿಸಿದ ಬಣ್ಣವೇ ಜಲವರ್ಣ. ಕಾಗದದ ಬಿಳುಪು ಕಾಣುವಂತೆ ತೆಳುವಾಗಿ ಹರಿಸಿದರೆ ಅದು ಪಾರದರ್ಶಕ ಜಲವರ್ಣ. ಬಿಳಿಯನ್ನು ಬೆರೆಸಿ ದಪ್ಪವಾಗಿ ಲೇಪಿಸಿದರೆ ಅಪಾರದರ್ಶಕ ಜಲವರ್ಣ. ಭಾರತದ ಕಿರುಚಿತ್ರಗಳು ಬಹುಮಟ್ಟಿಗೆ ಎರಡನೆಯ ಬಗೆಗೆ ಸೇರಿದವು.

ಈ ನಾಡಿನ ಚಿತ್ರಕಾರರು ಬಳಸುತ್ತಿದ್ದ ದ್ರವ್ಯಗಳ ಬಗೆಗೆ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಮುಖ್ಯ ಆಧಾರವಾಗಿದೆ. ಸುಮಾರು 1129ರಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥದ ಚಿತ್ರ ಪ್ರಕರಣವು ಗೋಡೆಯನ್ನು ಹದಗೊಳಿಸುವ ಕ್ರಮ, ಎಮ್ಮೆಯ ಚರ್ಮದಿಂದ ಕಾಯಿಸಿದ ವಜ್ರಲೇಪವೆಂಬ ಅಂಟು, ಶುದ್ಧವರ್ಣಗಳು ಮತ್ತು ಮಿಶ್ರವರ್ಣಗಳನ್ನು ನಿರೂಪಿಸುತ್ತದೆ. ಬಿಳಿಗೆ ಶಂಖದ ಪುಡಿ, ಕೆಂಪಿಗೆ ಇಂಗಳೀಕ, ರಕ್ತವರ್ಣಕ್ಕೆ ಅರಗಿನ ರಸ, ಕಂದುಗೆಂಪಿಗೆ ಕಾವಿಮಣ್ಣು, ಹಳದಿಗೆ ಹರಿದಾಳ, ಕಪ್ಪಿಗೆ ಕಾಡಿಗೆ ಎಂದು ಅದು ಹೇಳುತ್ತದೆ.

ಈ ಪಟ್ಟಿಯನ್ನು ಬೆಳಕು ತಾಳಿಕೆಯ ದೃಷ್ಟಿಯಿಂದ ಓದಿದರೆ ಬೇರೊಂದು ವಿಂಗಡಣೆ ಗೋಚರಿಸುತ್ತದೆ. ಕಾವಿಯು ಕಬ್ಬಿಣದ ಆಕ್ಸೈಡ್, ಕಾಡಿಗೆಯು ಇಂಗಾಲ. ಬಿಸಿಲಿನಲ್ಲಿ ಇವೆರಡೂ ಮಾಸುವುದಿಲ್ಲ. ಅರಗಿನ ಕೆಂಪು ಕೀಟಜನ್ಯ ಬಣ್ಣ. ಅದು ಬೆಳಕಿನಲ್ಲಿ ಬೇಗನೆ ಬಿಳಿಚಿಕೊಳ್ಳುತ್ತದೆ. ಹರಿದಾಳವು ಗಂಧಕ ಮತ್ತು ಆರ್ಸೆನಿಕ್‌ಗಳ ಸಂಯುಕ್ತವಾಗಿದ್ದು, ದೀರ್ಘಕಾಲ ಬೆಳಕಿಗೆ ಸಿಕ್ಕಾಗ ಬಣ್ಣವಿಲ್ಲದ ಆರ್ಸೆನಿಕ್ ಆಕ್ಸೈಡ್ ಆಗಿ ಮಾರ್ಪಡುತ್ತದೆ. ಇಂಗಳೀಕವು ಪಾದರಸ ಮತ್ತು ಗಂಧಕದ ಸಂಯುಕ್ತ. ಅದು ಮಾಸುವುದಕ್ಕೆ ಬದಲಾಗಿ ಕೆಲವು ಸನ್ನಿವೇಶಗಳಲ್ಲಿ ಕಪ್ಪಾಗುತ್ತದೆ. ನೀಲಿಗಿಡದಿಂದ ತೆಗೆದ ನೀಲಿಯು ದಪ್ಪ ಲೇಪನದಲ್ಲಿ ಬಹುಕಾಲ ನಿಲ್ಲುತ್ತದೆ. ತೆಳುವಾದ ಲೇಪನದಲ್ಲಿ ಕುಂದುತ್ತದೆ. ಹೀಗಿರುವಾಗ ಹರಿದಾಳ ಮತ್ತು ನೀಲಿಗಳನ್ನು ಬೆರೆಸಿ ಪಡೆದ ಹಸಿರಿನಲ್ಲಿ ಹಳದಿಯು ಮೊದಲು ನಾಶವಾದರೆ ಎಲೆಯು ನೀಲಿಯಾಗಿ ಕಾಣುತ್ತದೆ. ನೋಡುಗನು ಅದನ್ನು ಚಿತ್ರಕಾರನ ಕಲ್ಪನೆಯೆಂದು ಭಾವಿಸಬಹುದು.

2. ಪುಸ್ತಕ ಮತ್ತು ಗೋಡೆ

ಮೊದಲನೆಯ ಅಲಿ ಆದಿಲಶಾಹನ (1558-1580) ಕಾಲಕ್ಕೆ ಸೇರಿದ ‘ನುಜೂಮ್-ಉಲ್-ಉಲೂಮ್’ ಎಂಬ ಹಸ್ತಪ್ರತಿಯು 1570ರದು. ನೂರಾರು ಚಿತ್ರಗಳನ್ನೊಳಗೊಂಡ ಈ ಪ್ರತಿಯು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಎರಡನೆಯ ಇಬ್ರಾಹಿಮ್ ಆದಿಲಶಾಹನ (1580-1627) ಆಸ್ಥಾನದಲ್ಲಿ ಈ ಕಲೆಯು ಉತ್ತುಂಗವನ್ನು ಮುಟ್ಟಿತು. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ವಶಪಡಿಸಿಕೊಂಡ ಬಳಿಕ ಚಿತ್ರಗಳೂ ಹಸ್ತಪ್ರತಿಗಳೂ ಚದುರಿಹೋದವು. ಹೀಗೆ ಊರು ಬಿಟ್ಟ ಚಿತ್ರಗಳು ಹೆಚ್ಚಾಗಿ ಹಸ್ತಪ್ರತಿ ಮತ್ತು ಚಿತ್ರಸಂಪುಟಗಳ ಒಳಗೆ ಉಳಿದವು. ಅವುಗಳನ್ನು ನೋಡಬೇಕಾದವರು ತೆರೆದು ನೋಡಿ ಮತ್ತೆ ಮುಚ್ಚುತ್ತಿದ್ದರು. ಅವುಗಳ ಚಿನ್ನ, ನೀಲಿ, ನೇರಳೆಗಳ ಸಮೃದ್ಧಿಯನ್ನು ಇಂದಿನ ವಿದ್ವಾಂಸರು ಕೊಂಡಾಡುವುದು ಸಾಧ್ಯವಾಗಿರುವುದಕ್ಕೆ ಚಿತ್ರಕಾರರ ಕೌಶಲದಷ್ಟೇ ಆ ಕತ್ತಲೆಯೂ ಕಾರಣವಾಗಿದೆ.

ಗೋಡೆಯ ಚಿತ್ರಗಳ ಗತಿ ಬೇರೆಯಾಯಿತು. ಮುಹಮ್ಮದ್ ಆದಿಲಶಾಹನು (1627-1656) ಸುಮಾರು 1646ರಲ್ಲಿ ಕಟ್ಟಿಸಿದ ಅಸಾರ್ ಮಹಲಿನ ಮೇಲಂತಸ್ತಿನ ಕೋಣೆಗಳಲ್ಲಿ ಮಾನವಾಕೃತಿಗಳೂ ಹೂದಾನಿಗಳೂ ಚಿತ್ರಿತವಾಗಿವೆ. ನಗರದ ಪೂರ್ವಕ್ಕೆ, ಸಿಂದಗಿಯ ದಾರಿಯಲ್ಲಿರುವ ಕುಮಟಗಿಯ ಜಲಮಂಟಪದಲ್ಲಿ ಕುದುರೆಯ ಮೇಲಿನ ಚೆಂಡಾಟ, ಕುಸ್ತಿ ಮೊದಲಾದ ದೃಶ್ಯಗಳ ಅವಶೇಷಗಳಿವೆ. ಅಸಾರ್ ಮಹಲಿನ ಕೋಣೆಗಳು ಗೋಡೆಗಳಿಂದ ಸುತ್ತುವರಿದವು. ಕುಮಟಗಿಯ ಮಂಟಪವು ಕಮಾನುಗಳಿಂದ ತೆರೆದಿರುವಂಥದು.

ಇಲ್ಲಿ ಭೂಗೋಳದ ಒಂದು ಅಂಶವನ್ನು ಗಮನಿಸಬೇಕು. ಕುಮಟಗಿಯಾಗಲಿ, ಹಿಂದೆ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ಕೃಷ್ಣಾತೀರದ ಕೊಲ್ಹಾರವಾಗಲಿ, ಉತ್ತರ ಅಕ್ಷಾಂಶ 16 ಮತ್ತು 17 ಡಿಗ್ರಿಗಳ ನಡುವೆ ಇವೆ. ಸೂರ್ಯನು ಇಲ್ಲಿ ವರ್ಷಕ್ಕೆರಡು ಬಾರಿ, ಮೇ ತಿಂಗಳ ಆರಂಭದಲ್ಲಿ ಮತ್ತು ಆಗಸ್ಟಿನಲ್ಲಿ, ನಡುನೆತ್ತಿಗೆ ಬರುತ್ತಾನೆ. ಬೇಸಿಗೆಯ ಉರಿಬಿಸಿಲಿನ ಮಧ್ಯಾಹ್ನದಲ್ಲಿ ನೆಟ್ಟನೆಯ ಗೋಡೆಗೆ ಬೀಳುವ ನೇರ ಕಿರಣ ಕಡಿಮೆ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು 50 ಡಿಗ್ರಿಗೆ ಇಳಿಯುವುದರಿಂದ ದಕ್ಷಿಣದ ಕಮಾನುಗಳ ಮೂಲಕ ಬಿಸಿಲು ಒಳಕ್ಕೆ ಚಾಚುತ್ತದೆ. ಆದುದರಿಂದ ತೆರೆದ ಮಂಟಪದ ಬಣ್ಣಕ್ಕೆ ಚಳಿಗಾಲದ ಹಿತವಾದ ಬಿಸಿಲೇ ಹೆಚ್ಚು ಹಾನಿಕರವಾಗಿರುವ ಸಂಭವವಿದೆ. ಯಾವ ಗೋಡೆ ಯಾವ ದಿಕ್ಕಿಗಿದೆ ಎಂಬ ದಾಖಲೆಯಿಲ್ಲದೆ ಮಾಸಿದ ಬಣ್ಣದ ವಿವರಣೆ ಪೂರ್ಣವಾಗಲಾರದು.

ಗೋಡೆಯ ಚಿತ್ರಗಳ ನಾಶಕ್ಕೆ ಬೆಳಕೊಂದೇ ಕಾರಣವೆಂದು ಹೇಳುವುದೂ ಸಾಧುವಲ್ಲ. ಮಳೆನೀರು, ಗಚ್ಚಿನೊಳಗಿನ ಲವಣ, ಹೊಗೆ, ಕೈಗಳ ಗೀಚಾಟ ಇವೆಲ್ಲವೂ ಸೇರಿಕೊಳ್ಳುತ್ತವೆ. ಈ ಕಾರಣಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸುವುದು ಹೇಗೆ ಎಂಬುದೇ ಮೂಲ ಸಮಸ್ಯೆ. ಇದೇ ಸಮಸ್ಯೆಯನ್ನು ಇಂಗ್ಲೆಂಡು 1880ರ ದಶಕದಲ್ಲಿ ಎದುರಿಸಿತು.

3. ರಸೆಲ್ ಮತ್ತು ಆಬ್ನಿಯವರ ವರದಿ

ವರ್ಣದ್ರವ್ಯಗಳನ್ನು ಬಿಸಿಲಿಗಿಟ್ಟು ನೋಡುವ ಪ್ರಯೋಗಗಳನ್ನು ಜಾರ್ಜ್ ಫೀಲ್ಡ್ (1777-1854) ಮೊದಲೇ ನಡೆಸಿ, 1835ರಲ್ಲಿ ಪ್ರಕಟಿಸಿದ ‘ಕ್ರೊಮಟಾಗ್ರಫಿ’ ಎಂಬ ಗ್ರಂಥದಲ್ಲಿ ಬಣ್ಣಗಳ ಬಾಳಿಕೆಯನ್ನು ಚರ್ಚಿಸಿದ್ದನು. ಆದರೆ ಈ ವಿಷಯವು ಸಾರ್ವಜನಿಕ ವಿವಾದವಾದುದು 1886ರಲ್ಲಿ. ಲಂಡನ್ನಿನ ದಕ್ಷಿಣ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿದ್ದ ಜಲವರ್ಣಗಳು ಬೆಳಕಿನಿಂದ ಹಾಳಾಗುತ್ತಿವೆ ಎಂದು ಜೆ. ಸಿ. ರಾಬಿನ್ಸನ್ ‘ಟೈಮ್ಸ್’ ಪತ್ರಿಕೆಯಲ್ಲಿ ಆಕ್ಷೇಪಿಸಿದರು. ಜಲವರ್ಣ ಚಿತ್ರಕಾರರು ಇದನ್ನು ತಮ್ಮ ಕಲೆಯ ಮೇಲಿನ ಆಕ್ರಮಣವೆಂದು ಭಾವಿಸಿ ವಿರೋಧಿಸಿದರು. ಬಾಳದ ಚಿತ್ರವನ್ನು ಕೊಳ್ಳುವವರಾರು ಎಂಬ ಆತಂಕವೂ ಅದರ ಹಿಂದೆ ಇದ್ದಿತು. ವಿಷಯವನ್ನು ಪರಿಶೀಲಿಸುವ ಹೊಣೆಯು ರಸಾಯನವಿಜ್ಞಾನಿ ಡಬ್ಲ್ಯು. ಜೆ. ರಸೆಲ್ ಮತ್ತು ಛಾಯಾಗ್ರಹಣ ವಿಜ್ಞಾನದಲ್ಲಿ ಹೆಸರಾಗಿದ್ದ ಡಬ್ಲ್ಯು. ಡಿ. ಆಬ್ನಿ ಅವರಿಗೆ ಸಂದಿತು. ಅವರ ವರದಿಯು 1888ರಲ್ಲಿ ಪ್ರಕಟವಾಯಿತು.

ಅವರ ಕ್ರಮ ಸರಳವಾಗಿದ್ದರೂ ಶಿಸ್ತಿನದು. ಬಣ್ಣ ಹಚ್ಚಿದ ಕಾಗದದ ಪಟ್ಟಿಗಳನ್ನು ಗಾಜಿನ ನಳಿಕೆಗಳಲ್ಲಿಟ್ಟು, ಪ್ರತಿಯೊಂದರ ಒಂದು ಭಾಗವನ್ನು ಬೆಳಕಿನಿಂದ ಮರೆಮಾಡಿ ಬಿಸಿಲಿಗೆ ಒಡ್ಡಲಾಯಿತು. ಸಾಮಾನ್ಯ ಗಾಳಿ, ಒಣಗಾಳಿ, ತೇವದ ಗಾಳಿ, ಜಲಜನಕ ಮತ್ತು ನಿರ್ವಾತ ಹೀಗೆ ಬೇರೆಬೇರೆ ಸನ್ನಿವೇಶಗಳನ್ನು ಕಲ್ಪಿಸಲಾಯಿತು. ಕಾರ್ಮೈನ್, ಕ್ರಿಮ್ಸನ್ ಲೇಕ್ ಮೊದಲಾದ ಕೀಟಜನ್ಯ ಕೆಂಪುಗಳು ಎಲ್ಲಕ್ಕಿಂತ ಮೊದಲು ಮಾಸಿದವು. ಗಿಡದ ನೀಲಿಯೂ ಮಾಸುವ ಗುಂಪಿಗೆ ಸೇರಿತು. ಕಾವಿಯ ಬಗೆಯ ಮಣ್ಣುಬಣ್ಣಗಳು ಮತ್ತು ಅಲ್ಟ್ರಾಮರೀನ್ ನೀಲಿ ಬದಲಾಗಲಿಲ್ಲ. ಕೆಂಪು ಮತ್ತು ಹಳದಿ ಕಿರಣಗಳಿಗಿಂತ ನೀಲಿ ಮತ್ತು ನೇರಳೆ ಕಿರಣಗಳೇ ಹೆಚ್ಚು ಕೆಡುಕು ಮಾಡುವುದೂ ದೃಢಪಟ್ಟಿತು.

ವರದಿಯ ಹೆಚ್ಚಿನ ಮಹತ್ವವಿರುವುದು ಇನ್ನೊಂದು ನಿರ್ಣಯದಲ್ಲಿ. ಗಾಳಿಯಲ್ಲಿ ಮಾಸಿದ ಬಣ್ಣಗಳಲ್ಲಿ ಬಹುಪಾಲು ನಿರ್ವಾತದಲ್ಲಿ ಮಾಸಲಿಲ್ಲ. ತೇವವಿದ್ದಾಗ ಮಾಸುವಿಕೆ ಹೆಚ್ಚಿತು. ಪ್ರಶ್ಯನ್ ನೀಲಿ ಮಾತ್ರ ನಿರ್ವಾತದಲ್ಲಿಯೇ ಬಣ್ಣಗುಂದಿ, ಗಾಳಿ ಸೋಕಿದಾಗ ಮರಳಿ ನೀಲಿಯಾಯಿತು. ಬೆಳಕು, ಆಮ್ಲಜನಕ ಮತ್ತು ತೇವ ಇವು ಕೂಡಿ ಕೆಲಸ ಮಾಡುತ್ತವೆ ಎಂಬುದು ಇದರಿಂದ ಸಿದ್ಧವಾಯಿತು. ಬಿಸಿಲು ಬಣ್ಣವನ್ನು ಕೆಡಿಸುತ್ತದೆ ಎಂಬ ಲೋಕರೂಢಿಯ ತಿಳಿವಳಿಕೆಯು ಹೀಗೆ ಕಾರಣಗಳನ್ನು ಬಿಡಿಸಿ ನೋಡುವ ಶಾಸ್ತ್ರವಾಯಿತು.

4. ಅಳತೆಗೋಲಿನ ನಿರ್ಮಾಣ

ಲಂಡನ್ನಿನ ಒಂದು ತಿಂಗಳ ಬಿಸಿಲು ಕೊಲ್ಹಾರದ ಒಂದು ತಿಂಗಳ ಬಿಸಿಲಿಗೆ ಸಮನಲ್ಲ. ಆದುದರಿಂದ ದಿನಗಳ ಲೆಕ್ಕದಲ್ಲಿ ಹೇಳಿದ ಫಲಿತಾಂಶವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲಾಗುವುದಿಲ್ಲ. ಈ ತೊಡಕನ್ನು 20ನೆಯ ಶತಮಾನದಲ್ಲಿ ಜವಳಿ ಉದ್ಯಮವು ನೀಲಿ ಉಣ್ಣೆಯ ಪಟ್ಟಿಗಳ ಮೂಲಕ ಪರಿಹರಿಸಿತು. ಬೇರೆಬೇರೆ ತಾಳಿಕೆಯ ಬಣ್ಣಗಳಿಂದ ಅದ್ದಿದ 8 ಪಟ್ಟಿಗಳ ಈ ಸರಣಿಯಲ್ಲಿ ಪ್ರತಿಯೊಂದು ಪಟ್ಟಿಯೂ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟು ಬೆಳಕನ್ನು ತಾಳುತ್ತದೆ. ಪರೀಕ್ಷೆಗೊಳಗಾದ ಬಣ್ಣದ ಪಕ್ಕದಲ್ಲಿಯೇ ಇವುಗಳನ್ನಿಟ್ಟು, ಅದು ಯಾವ ಪಟ್ಟಿಯೊಡನೆ ಮಾಸಿತು ಎಂದು ನೋಡಲಾಗುತ್ತದೆ. ಊರು ಯಾವುದಾದರೂ ಬಣ್ಣದ ದರ್ಜೆಯನ್ನು ಹೋಲಿಸಿ ಹೇಳಲು ಇದರಿಂದ ಅನುಕೂಲವಾಯಿತು.

ಕಲಾವಿದರ ಬಣ್ಣಗಳಿಗಾಗಿಯೇ ರೂಪುಗೊಂಡ ಅಮೆರಿಕದ ಎಎಸ್‌ಟಿಎಂ ಡಿ4303 ಮಾನಕವು ಕಿಟಕಿಗಾಜಿನ ಹಿಂದೆ ಬಣ್ಣವನ್ನು ಚದರ ಮೀಟರಿಗೆ 1260 ಮೆಗಾಜೂಲ್ ಸೌರಶಕ್ತಿಗೆ ಒಡ್ಡುವಂತೆ ವಿಧಿಸುತ್ತದೆ. ಬಣ್ಣದ ಅಂತರವು 4 ಘಟಕಗಳೊಳಗಿದ್ದರೆ ಮೊದಲನೆಯ ದರ್ಜೆ, 8ರೊಳಗಿದ್ದರೆ ಎರಡನೆಯ ದರ್ಜೆ. ವಿಜಯಪುರ ಸೀಮೆಯಲ್ಲಿ ನೆಲಕ್ಕೆ ಬೀಳುವ ಸೌರಶಕ್ತಿಯನ್ನು ದಿನಕ್ಕೆ ಚದರ ಮೀಟರಿಗೆ ಸುಮಾರು 20 ಮೆಗಾಜೂಲ್ ಎಂದು ಹಿಡಿದರೆ, ಗಾಜು ತಡೆಯುವ ಪಾಲನ್ನು ಕಳೆದರೂ ಎರಡರಿಂದ ಮೂರು ತಿಂಗಳುಗಳಲ್ಲಿ ಆ ಪ್ರಮಾಣ ಪೂರ್ಣವಾಗುತ್ತದೆ. ದುಬಾರಿ ದೀಪಗಳಿಲ್ಲದೆ, ಒಂದೇ ಬೇಸಿಗೆಯಲ್ಲಿ, ಇಂಥ ಪರೀಕ್ಷೆಯನ್ನು ಈ ನೆಲದಲ್ಲಿ ನಡೆಸಲು ಸಾಧ್ಯವಿದೆ.

5. ವೆಂಕಟಪ್ಪನವರ ಚಿತ್ರಗಳು ಮತ್ತು ಪ್ರದರ್ಶನದ ಪ್ರಶ್ನೆ

ಮಾಸುವಿಕೆಯ ಸಮಸ್ಯೆಯು ಆದಿಲಶಾಹಿ ಕಾಲಕ್ಕೆ ಮುಗಿದ ಕಥೆಯಲ್ಲ. ಆಧುನಿಕ ಕರ್ನಾಟಕದ ಪ್ರಮುಖ ಜಲವರ್ಣ ಚಿತ್ರಕಾರರಾದ ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದರು. ಬಣ್ಣವನ್ನು ಮತ್ತೆ ಮತ್ತೆ ನೀರಿನಲ್ಲಿ ತೊಳೆದು ತೆಳುಪದರಗಳನ್ನು ಕೂಡಿಸುವ ವಂಗೀಯ ಪದ್ಧತಿಯ ಹಿನ್ನೆಲೆ ಅವರಿಗಿತ್ತು. ಮುಂದೆ ಊಟಿ ಮತ್ತು ಕೊಡೈಕೆನಾಲ್‌ಗಳ ಮಂಜು, ಮೋಡ, ಮುಂಜಾವುಗಳನ್ನು ಅವರು ಸೂಕ್ಷ್ಮ ವರ್ಣಛಾಯೆಗಳಲ್ಲಿ ಚಿತ್ರಿಸಿದರು. ಪದರವು ತೆಳುವಾದಷ್ಟೂ ವರ್ಣದ್ರವ್ಯದ ಕಣಗಳಿಗೆ ಪರಸ್ಪರ ಮರೆ ಕಡಿಮೆ. ದಪ್ಪ ಲೇಪನದ ಕಿರುಚಿತ್ರದಲ್ಲಿ ಮೇಲ್ಪದರ ಮಾಸಿದರೂ ಒಳಪದರ ಉಳಿಯುತ್ತದೆ. ತೆಳು ಜಲವರ್ಣದಲ್ಲಿ ಅಂಥ ಆಸರೆಯಿಲ್ಲ. ಅಲ್ಲಿ ಕುಂದಿದ ಒಂದು ಛಾಯೆಯೊಡನೆ ಚಿತ್ರದ ಸಮಯವೇ, ಮುಂಜಾವೋ ಸಂಜೆಯೋ ಎಂಬುದೇ, ಅಳಿದುಹೋಗಬಹುದು.

ಜಲವರ್ಣಗಳ ಮೇಲಿನ ಬೆಳಕು 50 ಲಕ್ಸ್‌ಗಳನ್ನು ಮೀರಬಾರದೆಂಬುದು ಗ್ಯಾರಿ ಥಾಮ್ಸನ್ನರ 1978ರ ‘ದಿ ಮ್ಯೂಸಿಯಂ ಎನ್ವಿರಾನ್‌ಮೆಂಟ್’ ಗ್ರಂಥದ ಬಳಿಕ ವಸ್ತುಸಂಗ್ರಹಾಲಯಗಳಲ್ಲಿ ವ್ಯಾಪಕವಾಗಿ ಒಪ್ಪಿತವಾದ ಮಿತಿ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಈ ಮಿತಿಯಲ್ಲಿ ಪ್ರದರ್ಶಿಸಿದರೆ ಚಿತ್ರವು ಪಡೆಯುವ ಬೆಳಕು 1,20,000 ಲಕ್ಸ್-ಗಂಟೆಗಳು. ನೇರ ಬಿಸಿಲಿನ ಪ್ರಖರತೆ ಸುಮಾರು 1,00,000 ಲಕ್ಸ್. ಅಂದರೆ ವರ್ಷವಿಡೀ ಪ್ರದರ್ಶನದಲ್ಲಿ ಸಲ್ಲುವ ಬೆಳಕು ಬಯಲಿನಲ್ಲಿ ಸುಮಾರು 1 ಗಂಟೆ 12 ನಿಮಿಷಗಳಲ್ಲಿ ಸಂದುಹೋಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳ ಹಾನಿ ಇದಕ್ಕೆ ಹೊರತು. ಕಿಟಕಿಯ ಎದುರು ತೂಗುಹಾಕಿದ ಚಿತ್ರದ ಗತಿಯನ್ನು ಈ ಲೆಕ್ಕದಿಂದ ಊಹಿಸಬಹುದು.

6. ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ನಿರ್ಣಯಗಳು ದೊರೆಯುತ್ತವೆ. ಮೊದಲನೆಯದಾಗಿ, ಗೋಡೆಯ ಮೇಲೆ ಇಂದು ಕಾವಿ ಮತ್ತು ಕಪ್ಪು ಮಾತ್ರ ಉಳಿದಿದ್ದರೆ ಅಲ್ಲಿನ ಚಿತ್ರಕಾರರು ಮಿತವಾದ ಬಣ್ಣಗಳನ್ನು ಬಳಸಿದರೆಂದು ಹೇಳಲಾಗದು. ಬೆಳಕು ಮತ್ತು ತೇವಗಳ ಆಯ್ಕೆಯಲ್ಲಿ ಗೆದ್ದು ನಿಂತ ಬಣ್ಣಗಳು ಅವು ಎಂಬ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು. ಎರಡನೆಯದಾಗಿ, ಚೌಕಟ್ಟಿನ ಅಂಚಿನ ಕೆಳಗೆ, ಸುಣ್ಣದ ಪದರದ ಅಡಿಯಲ್ಲಿ, ಕಮಾನಿನ ನೆರಳಿನ ಮೂಲೆಯಲ್ಲಿ ಮರೆಯಾಗಿರುವ ಬಣ್ಣವು ಶಾಸನದಷ್ಟೇ ಬೆಲೆಯುಳ್ಳ ಆಧಾರ. ಜೀರ್ಣೋದ್ಧಾರದ ಹೆಸರಿನಲ್ಲಿ ಮೇಲೆ ಹೊಸಬಣ್ಣ ಬಳಿಯುವ ಮುನ್ನ ಅದನ್ನು ದಾಖಲಿಸುವುದು ಅಗತ್ಯ. ಮೂರನೆಯದಾಗಿ, ‘ಮಾನಸೋಲ್ಲಾಸ’ವು ಹೇಳುವ ದ್ರವ್ಯಗಳನ್ನು ಅದೇ ಕ್ರಮದಲ್ಲಿ ಸಿದ್ಧಪಡಿಸಿ, ನೀಲಿ ಉಣ್ಣೆಯ ಪಟ್ಟಿಗಳೊಡನೆ, ಕೃಷ್ಣೆಯ ಹಿನ್ನೀರಿನ ದಂಡೆಯ ಕೊಲ್ಹಾರದಲ್ಲೊಮ್ಮೆ, ಕುಮಟಗಿಯ ಬಯಲಿನಲ್ಲೊಮ್ಮೆ ಒಡ್ಡಿ ನೋಡಿದರೆ ತೇವ ಮತ್ತು ಬೆಳಕುಗಳ ಪಾಲನ್ನು ಬೇರ್ಪಡಿಸಲು ಅನುವಾಗುತ್ತದೆ. ಲಕ್ನೋದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಕೇಂದ್ರವು ಮೈಸೂರಿನಲ್ಲಿರುವುದರಿಂದ ಇದಕ್ಕೆ ಬೇಕಾದ ತಾಂತ್ರಿಕ ನೆರವು ರಾಜ್ಯದೊಳಗೇ ಲಭ್ಯವಿದೆ.

ಶಾಸನದ ಅಕ್ಷರ ಸವೆದಿದ್ದರೆ ಓದುವವನಿಗೆ ಸವೆದದ್ದು ಕಾಣುತ್ತದೆ. ಅವನು ತ್ರುಟಿತವೆಂದು ಗುರುತು ಹಾಕುತ್ತಾನೆ. ಬಣ್ಣವು ಹಾಗಲ್ಲ, ಅದು ಅಳಿದ ಮೇಲೂ ಪೂರ್ಣವಾಗಿರುವಂತೆಯೇ ತೋರುತ್ತದೆ. ಈ ಕಾರಣದಿಂದಲೇ ವಿಜಯಪುರ ಸೀಮೆಯ ಚಿತ್ರಗಳ ವರ್ಣವಿಚಾರವನ್ನು ಬರೆಯುವವರು ಕಣ್ಣಿನ ಸಾಕ್ಷ್ಯದೊಡನೆ ಬಿಸಿಲಿನ ಪರೀಕ್ಷೆಯ ಸಾಕ್ಷ್ಯವನ್ನೂ ಪಡೆಯಬೇಕಾಗಿದೆ.