ಆಪತ್ಕಾಲದ ಸುದ್ದಿ: ಮುಂಬಯಿಯ ಅನುಭವ

1896ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರಿಗೆ ತಗುಲಿಕೊಂಡಿದ್ದ ಮಾಂಡ್ವಿಯಲ್ಲಿ ಡಾಕ್ಟರ್ ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ವ್ಯಾಪಾರವನ್ನೇ ನಂಬಿದ ಊರಿಗೆ ಆ ರೋಗದ ಹೆಸರೇ ದೊಡ್ಡ ಪೆಟ್ಟು: ಹೊರದೇಶದ ಬಂದರುಗಳು ಇಲ್ಲಿನ ಹಡಗುಗಳನ್ನು ತಡೆಯುತ್ತವೆ, ಗಿರಣಿಯ ಕೂಲಿಗಳು ಗಂಟುಮೂಟೆ ಕಟ್ಟುತ್ತಾರೆ. ಅಕ್ಟೋಬರಿನಲ್ಲಿ ನಗರಪಾಲಿಕೆ ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವ ಆದೇಶ ಹೊರಡಿಸಿತು. ಜನ ಅದನ್ನು ನಂಬಲಿಲ್ಲ. ಆಸ್ಪತ್ರೆಗೆ ಒಯ್ದವರ ದೇಹದಿಂದ ‘ಮೊಮಿಯಾಯಿ’ ಎಂಬ ಎಣ್ಣೆ ತೆಗೆಯುತ್ತಾರೆಂಬ ವದಂತಿ ಹಬ್ಬಿತು. ಅದೇ ತಿಂಗಳ ಕೊನೆಗೆ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಗೆ ನುಗ್ಗಿದರು, ಪಾಲಿಕೆ ಆದೇಶ ಸಡಿಲಿಸಿತು. ಪ್ಲೇಗ್ ಕ್ರಮಗಳನ್ನು ಟೀಕಿಸಿದ ಪತ್ರಿಕೆಗಳಿಗೆ ಸರಕಾರ ಉತ್ತರ ಕೊಟ್ಟಿದ್ದು ನ್ಯಾಯಾಲಯದ ಮೂಲಕ. ಪುಣೆಯ ಪ್ಲೇಗ್ ಅಧಿಕಾರಿ ರ್‍ಯಾಂಡ್ ಕೊಲೆಯಾದ ಮೇಲೆ, 1897ರಲ್ಲಿ, ‘ಕೇಸರಿ’ ಪತ್ರಿಕೆಯ ಬರಹಗಳಿಗಾಗಿ ಬಾಲಗಂಗಾಧರ ತಿಲಕರಿಗೆ ಮುಂಬಯಿ ಹೈಕೋರ್ಟು ರಾಜದ್ರೋಹದ ಆಪಾದನೆಯಲ್ಲಿ 18 ತಿಂಗಳ ಸಜೆ ವಿಧಿಸಿತು.

ಸುದ್ದಿಯನ್ನು ಬಿಗಿಹಿಡಿಯುವ ಈ ರೀತಿ ಪೂರ್ಣರೂಪದಲ್ಲಿ ಕಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1944ರ ಏಪ್ರಿಲ್ 12ರಂದು ‘ಫೋರ್ಟ್ ಸ್ಟೈಕಿನ್’ ಎಂಬ ಹಡಗು ವಿಕ್ಟೋರಿಯಾ ಡಾಕಿಗೆ ಬಂದು ನಿಂತಿತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ, ಕರಾಚಿಯಲ್ಲಿ ತುಂಬಿಕೊಂಡ ಹತ್ತಿಯ ಅಂಡಿಗೆಗಳು, ಎಣ್ಣೆಯ ಪೀಪಾಯಿಗಳು, ಮರದ ದಿಮ್ಮಿ, ಇವುಗಳ ಜೊತೆಗೆ 31 ಪೆಟ್ಟಿಗೆ ಚಿನ್ನದ ಗಟ್ಟಿಯೂ ಇತ್ತು. ಹತ್ತಿ ಮತ್ತು ಮದ್ದುಗುಂಡುಗಳನ್ನು ಒಂದೇ ಹಡಗಿನಲ್ಲಿ ಒಟ್ಟಿದ್ದು ಅಕ್ಷಮ್ಯ ತಪ್ಪು. ಏಪ್ರಿಲ್ 14ರ ಮಧ್ಯಾಹ್ನ ಬೆಂಕಿ ಕಾಣಿಸಿತು. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಇನ್ನೂ ಭೀಕರವಾದ ಎರಡನೆಯದು. ಶಿಮ್ಲಾದ ಭೂಕಂಪಮಾಪಕವೂ ಅದನ್ನು ದಾಖಲಿಸಿತು. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದ 66 ಮಂದಿ ಬಲಿಯಾದರು. ದೇಶದಲ್ಲಿ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುವುದು ಅವರ ನೆನಪಿಗೇ. ಒಟ್ಟು ಸತ್ತವರ ಅಂದಾಜು 800ರಿಂದ 1,300ರವರೆಗೆ ಹರಡಿದೆ. ನೆಲೆ ಕಳೆದುಕೊಂಡವರು ಸುಮಾರು 80,000.

ಇಡೀ ಊರು ಹೊಗೆಯನ್ನು ಕಣ್ಣಾರೆ ಕಂಡಿತ್ತು, ಸದ್ದನ್ನು ಕಿವಿಯಾರೆ ಕೇಳಿತ್ತು. ಜಪಾನೀಯರು ಬಾಂಬು ಹಾಕಿದರೆಂದೇ ಎಷ್ಟೋ ಜನ ತಿಳಿದರು. ಆಳುವವರು ಮಾತ್ರ ಬಾಯಿ ಬಿಗಿದುಕೊಂಡರು. ಕ್ಯಾಮೆರಾಮನ್ ಸುಧೀಶ್ ಘಟಕ್ ತೆಗೆದ ಚಿತ್ರವನ್ನು ಸೇನೆಯವರು ಕಸಿದುಕೊಂಡರು. ಅದರ ತುಣುಕುಗಳು ವಾರ್ತಾಚಿತ್ರವಾಗಿ ಹೊರಬಂದದ್ದು ಬಹಳ ತಡವಾಗಿ. ದುರಂತದ ವಿವರವನ್ನು ಜಗತ್ತಿಗೆ ಮೊದಲು ಸಾರಿದ್ದು ಜಪಾನೀಯರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ, ಅದೂ ಮರುದಿನವೇ. ಮುಂಬಯಿಯ ವರದಿಗಾರರಿಗೆ ಸುದ್ದಿ ಹೊರಗೆ ಕಳಿಸಲು ಅನುಮತಿ ಸಿಕ್ಕಿದ್ದು ಮೇ ತಿಂಗಳ ಎರಡನೆಯ ವಾರ. ಅಮೆರಿಕದ ‘ಟೈಮ್’ ಪತ್ರಿಕೆ ಮೇ 22ರಂದು ಅಚ್ಚು ಹಾಕಿದಾಗಲೂ ಅದು ಹೊರಗಿನವರಿಗೆ ಹೊಸ ಸುದ್ದಿಯಾಗಿತ್ತು. ಶತ್ರುವಿಗೆ ಗೊತ್ತಾಗಬಾರದೆಂದು ಹಾಕಿದ ಬೀಗ ಶತ್ರುವೊಬ್ಬನನ್ನು ಬಿಟ್ಟು ಉಳಿದೆಲ್ಲರನ್ನೂ ಕತ್ತಲಲ್ಲಿಟ್ಟಿತು.

ಸ್ವಾತಂತ್ರ್ಯದ ನಂತರ ಪೂರ್ತಿ ಮುಚ್ಚಿಡುವುದು ಸಾಧ್ಯವಾಗದೆ ಹೋಯಿತು. ಮಾತನ್ನು ತಿದ್ದಿ ಹೇಳುವ ಮಾರ್ಗ ಉಳಿಯಿತು. 1993ರ ಮಾರ್ಚ್ 12ರ ಸರಣಿ ಸ್ಫೋಟದ ದಿನ ಮುಖ್ಯಮಂತ್ರಿ ಶರದ್ ಪವಾರ್, ಸ್ಫೋಟವಾಗದ, ಮುಸ್ಲಿಮರು ಹೆಚ್ಚಿರುವ ಮಸೀದಿ ಬಂದರದ ಹೆಸರನ್ನೂ ಸೇರಿಸಿ ಹೇಳಿದರು. ಸ್ಫೋಟವಾದ ಜಾಗಗಳೆಲ್ಲ ಹಿಂದೂಗಳು ಹೆಚ್ಚಿರುವಂಥವೆಂದು ತಿಳಿದರೆ ಕೆಲವೇ ವಾರಗಳ ಹಿಂದೆ ತಣ್ಣಗಾದ ಕೋಮುಗಲಭೆ ಮತ್ತೆ ಭುಗಿಲೇಳಬಹುದೆಂಬ ಭಯ ಅದರ ಹಿಂದಿತ್ತು. ಇದನ್ನು ಮುಂದೆ ಅವರೇ ಬಹಿರಂಗವಾಗಿ ಒಪ್ಪಿಕೊಂಡರು. ಉದ್ದೇಶ ಒಳ್ಳೆಯದೇ, ಆದರೂ ಅಧಿಕಾರದಲ್ಲಿರುವವರ ಬಾಯಿಂದ ಬಂದ ಲೆಕ್ಕವನ್ನು ಪತ್ರಕರ್ತರು ಇನ್ನೊಮ್ಮೆ ಎಣಿಸಿ ನೋಡಬೇಕಾದ ಸ್ಥಿತಿಯನ್ನೂ ಅದು ತಂದಿತು.

2005ರ ಜುಲೈ 26ರ ಮಳೆ ಬೇರೆಯೇ ಬಗೆಯ ಕಷ್ಟ ತೋರಿಸಿತು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದು, ವಿದ್ಯುತ್ತೂ ಫೋನೂ ಕೈಕೊಟ್ಟವು. ಜುಲೈ 28ರ ರಾತ್ರಿ ಜುಹೂ ಬಳಿಯ ನೆಹರೂ ನಗರದ ಗುಡಿಸಲುಗಳಲ್ಲಿ ನೀರು ನುಗ್ಗುತ್ತಿದೆಯೆಂಬ ಸುಳ್ಳು ಸುದ್ದಿ ಹರಡಿ, ಕಾಲ್ತುಳಿತಕ್ಕೆ ಸಿಕ್ಕಿ ಹದಿನೈದಕ್ಕೂ ಹೆಚ್ಚು ಜನ ಸತ್ತರು.

2008ರ ನವೆಂಬರ್ 26ರ ರಾತ್ರಿ ಶುರುವಾದ ಭಯೋತ್ಪಾದಕ ದಾಳಿಯಲ್ಲಿ ಸ್ಥಿತಿ ತಲೆಕೆಳಗಾಯಿತು. ತಾಜ್, ಒಬೆರಾಯ್, ನರಿಮನ್ ಹೌಸ್‌ಗಳ ಮುಂದೆ ಕ್ಯಾಮೆರಾಗಳು ನೆಟ್ಟಗೆ ನಿಂತಿದ್ದವು, ಕಮಾಂಡೊಗಳ ಚಲನೆ ನೇರ ಪ್ರಸಾರವಾಗುತ್ತಿತ್ತು. ಪತ್ರಕರ್ತರನ್ನು ಒಂದು ಅಂತರದಲ್ಲಿ ನಿಲ್ಲಿಸಿ, ಹೊತ್ತುಹೊತ್ತಿಗೆ ಖಚಿತ ಮಾಹಿತಿ ಕೊಡುವ ವ್ಯವಸ್ಥೆ ಇರಲಿಲ್ಲ. ಆ ವರ್ಷ ಡಿಸೆಂಬರಿನಲ್ಲಿ ಸುದ್ದಿವಾಹಿನಿಗಳ ಸಂಘ ತನ್ನವರಿಗೆ ತಾನೇ ನಿಯಮ ರೂಪಿಸಿತು. 2012ರ ಆಗಸ್ಟ್ 29ರಂದು ದಾಳಿಕೋರ ಕಸಬ್‌ನ ಮರಣದಂಡನೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಗಡಿಯಾಚೆ ಕುಳಿತಿದ್ದ ಸೂತ್ರಧಾರರು ಟಿವಿ ನೋಡುತ್ತಲೇ ದಾಳಿಕೋರರಿಗೆ ಸೂಚನೆ ಕೊಡುತ್ತಿದ್ದುದನ್ನು ಎತ್ತಿ ಹೇಳಿ, ವಾಹಿನಿಗಳನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ಕೇಂದ್ರ ಸರಕಾರ ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರಂತೆ ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆ ಮುಗಿಯುವ ತನಕ ನೇರ ಪ್ರಸಾರಕ್ಕೆ ಅವಕಾಶವಿಲ್ಲ. ಸರಕಾರ ಗೊತ್ತುಪಡಿಸಿದ ಅಧಿಕಾರಿ ಆಗಾಗ ಕೊಡುವ ವಿವರವನ್ನಷ್ಟೇ ವಾಹಿನಿಗಳು ಬಿತ್ತರಿಸಬಹುದು.